ಹಗ್ಗ ಎಳೆದ ಮೇಲೆ ವಾಪಸ್ ದಾರಿ ಇಲ್ಲ: ಮರಳುಗಾಡಿನ ಕೊರಕಲಿಗೆ ಇಳಿಯುವುದು ಹೇಗೆ?

ಅಮೆರಿಕದ ಮಗಳ ಮನೆಗೆ ಹೋಗಿ ಬಂದವರ ಫೋನಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಕಿತ್ತಳೆ ಬಣ್ಣದ ಬಂಡೆ, ಸೀರೆ ನೆರಿಗೆಯ ಹಾಗೆ ಬಳುಕಿದ ಗೋಡೆ, ನಡುವೆ ಮೇಲಿಂದ ಇಳಿದ ಒಂದು ಬಿಸಿಲುಕೋಲು. ಅದು ಅರಿಝೋನಾದ ಆಂಟೆಲೋಪ್ ಕ್ಯಾನ್ಯನ್. ನವಾಹೊ ಜನರ ನೆಲ. ಅವರ ಗೈಡ್ ಜೊತೆ ಹೋದರೆ ಅದರ ಮೇಲ್ಭಾಗವನ್ನು ಅಜ್ಜ ಅಜ್ಜಿಯೂ ನಡೆದು ನೋಡಿ ಬರಬಹುದು.

ಇಲ್ಲಿ ಹೇಳುತ್ತಿರುವುದು ಅದೇ ಜಾತಿಯ, ಆದರೆ ಏಣಿಯೂ ಗೈಡೂ ಇಲ್ಲದ ಕೊರಕಲುಗಳ ಬಗ್ಗೆ. ಹಗ್ಗ ಕಟ್ಟಿ ಇಳಿಯಬೇಕು. ಇಳಿದಲ್ಲಿ ತಣ್ಣನೆ ಮಡು. ಈಜಿ ದಾಟಿದರೆ ಮುಂದೆ ಮತ್ತೆ ಹಗ್ಗ. ಕೆಲವು ಕಡೆ ಎರಡು ಗೋಡೆ ಎಷ್ಟು ಹತ್ತಿರ ಬರುತ್ತವೆ ಅಂದರೆ, ಬೆನ್ನಿನ ಚೀಲ ಕಳಚಿ ಅಡ್ಡಡ್ಡ ನುಸುಳಬೇಕು. ಇದಕ್ಕೆ ಕ್ಯಾನ್ಯನೀರಿಂಗ್ ಎನ್ನುತ್ತಾರೆ. ಯೂಟಾದ ಜಯಾನ್ ನ್ಯಾಷನಲ್ ಪಾರ್ಕಿನಲ್ಲಿರುವ ಪೈನ್ ಕ್ರೀಕ್ ಕೊರಕಲನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಲಾಸ್ ವೇಗಸ್‌ನಿಂದ ಕಾರಿನಲ್ಲಿ ಮೂರು ಗಂಟೆ ದಾರಿ.

ಬೆಟ್ಟ ಹತ್ತುವಾಗ ಭಯವಾದರೆ ಬಂದ ದಾರಿಯಲ್ಲೇ ಇಳಿದುಬಿಡಬಹುದು. ಕೊರಕಲಿನಲ್ಲಿ ಆ ಸೌಲಭ್ಯ ಇಲ್ಲ. ಎಲ್ಲರೂ ಇಳಿದ ಮೇಲೆ ಕೆಳಗಿನಿಂದ ಹಗ್ಗವನ್ನು ಎಳೆದುಕೊಳ್ಳುತ್ತೀರಿ, ಮುಂದಿನ ಇಳಿತಕ್ಕೆ ಅದೇ ಬೇಕಲ್ಲ. ಎಳೆದ ಕ್ಷಣದಿಂದ ಹಿಂದಿನ ಗೋಡೆ ಬರೀ ನುಣುಪು ಬಂಡೆ. ಇನ್ನು ಕೊನೆಯ ತನಕ ಹೋಗಲೇಬೇಕು. ಹಾಗಾಗಿ ಹೋಗಬೇಕೋ ಬೇಡವೋ ಎನ್ನುವುದನ್ನೆಲ್ಲ ಮೊದಲ ಹಗ್ಗ ಎಳೆಯುವ ಮುಂಚೆಯೇ ತೀರ್ಮಾನಿಸಬೇಕು. ಈ ಲೇಖನದ ಅರ್ಧ ಭಾಗ ಹಗ್ಗ ಮುಟ್ಟುವ ಮೊದಲಿನ ಕೆಲಸಗಳ ಬಗ್ಗೆಯೇ ಇದೆ.

ಮೊದಲು, ಯಾರ ಜೊತೆ?

ರಾಮನಗರದ ಕ್ಯಾಂಪಿನಲ್ಲಿ ಒಂದು ಭಾನುವಾರ ರಾಪೆಲ್ಲಿಂಗ್, ಅಂದರೆ ಹಗ್ಗದಲ್ಲಿ ಬಂಡೆ ಇಳಿಯುವುದು, ಮಾಡಿದ್ದೇನೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾನೂ ಅದೇ ಧೈರ್ಯದಲ್ಲಿ ಹೋದವನು. ಅಲ್ಲಿ ಗಟ್ಟಿ ಗ್ರಾನೈಟ್ ಬಂಡೆ, ಒಣ ಹಗ್ಗ, ನೀವು ಕೈ ಬಿಟ್ಟರೂ ಹಿಡಿಯಲು ಮೇಲೊಬ್ಬ ಮೇಷ್ಟ್ರು. ಇಲ್ಲಿ ಒದ್ದೆ ಮರಳುಗಲ್ಲು, ಒದ್ದೆ ಹಗ್ಗ, ನಡುಗುವ ಬೆರಳು.

ತಂಡದಲ್ಲಿ ಹಗ್ಗ ಕಟ್ಟುವುದು ಗೊತ್ತಿರುವವರು ಕನಿಷ್ಠ ಇಬ್ಬರು ಬೇಕು. ಒಬ್ಬರು ಮೊದಲು ಇಳಿಯಲು, ಇನ್ನೊಬ್ಬರು ಕೊನೆಗೆ ಇಳಿಯಲು. ಜಯಾನ್ ಪಾರ್ಕಿನ ಒಳಗೆ ದುಡ್ಡು ಕೊಟ್ಟು ಗೈಡ್ ಕರೆದುಕೊಂಡು ಇಂಥ ಕೊರಕಲಿಗೆ ಇಳಿಯಲು ಅವಕಾಶ ಇಲ್ಲ. ಆದರೆ ಪಾರ್ಕಿನ ಹೊರಗಿನ ಕೊರಕಲುಗಳಲ್ಲಿ ಕಲಿಸುವವರಿದ್ದಾರೆ. ಅಲ್ಲಿ ಕಲಿತು, ಅನುಭವ ಇರುವ ಸ್ನೇಹಿತರ ಜೊತೆ ಇಲ್ಲಿಗೆ ಬನ್ನಿ.

ಪ್ರತಿ ಕೊರಕಲಿಗೂ ಒಂದು ದರ್ಜೆ ಇರುತ್ತದೆ. ಪೈನ್ ಕ್ರೀಕ್ ‘3ಬಿ’. ಅಂಕಿ 1ರಿಂದ 4ರವರೆಗೆ ಹೋಗುತ್ತದೆ, 3 ಅಂದರೆ ಹಗ್ಗ ಬೇಕೇ ಬೇಕು. ಅಕ್ಷರ ನೀರಿನದು. ‘ಎ’ ಅಂದರೆ ಒಣ ಅಥವಾ ಕಾಲು ನೆನೆಯುವಷ್ಟು ನೀರು, ‘ಬಿ’ ಅಂದರೆ ನಿಂತ ನೀರಲ್ಲಿ ಈಜು, ‘ಸಿ’ ಅಂದರೆ ಹರಿಯುವ ನೀರು. ಮೊದಲ ಸಲಕ್ಕೆ ‘ಸಿ’ ಕಡೆ ತಲೆ ಹಾಕಬೇಡಿ.

ಎರಡನೆಯದು ಆಕಾಶ. ನಿಮ್ಮ ತಲೆ ಮೇಲಿನದಲ್ಲ

ಈ ಗೋಡೆಗಳೆಲ್ಲ ಒಂದು ಕಾಲದ ಮರಳುದಿಬ್ಬಗಳು. ಸುಮಾರು 18 ಕೋಟಿ ವರ್ಷಗಳ ಹಿಂದೆ ಗಾಳಿ ತಂದು ಸುರಿದ ಮರಳು ಗಟ್ಟಿಯಾಗಿ ನವಾಹೊ ಮರಳುಗಲ್ಲಾಯಿತು. ಆಮೇಲೆ ಅದರಲ್ಲಿ ಬಿರುಕು ಬಿತ್ತು. ಬಿರುಕನ್ನು ಕೊರೆದು ಕೊರಕಲು ಮಾಡಿದ್ದು ದಿನವೂ ಹರಿಯುವ ಹೊಳೆಯಲ್ಲ, ಆಗೊಮ್ಮೆ ಈಗೊಮ್ಮೆ ಮರಳು, ಕಲ್ಲು, ಮರದ ದಿಮ್ಮಿಗಳನ್ನು ಹೊತ್ತು ನುಗ್ಗುವ ದಿಢೀರ್ ಪ್ರವಾಹ. ಅಂದರೆ ನೀವು ಇಳಿಯುತ್ತಿರುವುದು ಪ್ರವಾಹದ ಕೊಳವೆಯೊಳಕ್ಕೇ.

ನಮ್ಮ ಮಲೆನಾಡಿನಲ್ಲಿ ಮಳೆ ಬಿದ್ದರೆ ಮಣ್ಣು, ಬೇರು, ತರಗೆಲೆ ಅಷ್ಟಿಷ್ಟು ಕುಡಿಯುತ್ತವೆ. ಇಲ್ಲಿ ಬರೀ ಬೋಳು ಬಂಡೆ. ಬಿದ್ದ ನೀರೆಲ್ಲ ಜಾರಿ ಕೊರಕಲಿಗೇ ಬರುತ್ತದೆ. 1997ರ ಆಗಸ್ಟ್ 12ರಂದು ಆಂಟೆಲೋಪ್ ಕ್ಯಾನ್ಯನ್ನಿನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಜೋರು ಮಳೆ ಸುರಿದದ್ದು ಅವರಿದ್ದ ಜಾಗದಲ್ಲಲ್ಲ, ಮೇಲ್ಗಡೆ ಎಷ್ಟೋ ಮೈಲಿ ದೂರದಲ್ಲಿ. 2015ರ ಸೆಪ್ಟೆಂಬರ್ 14ರಂದು ಜಯಾನ್‌ನಲ್ಲೇ, ಕೀಹೋಲ್ ಎಂಬ ಪುಟ್ಟ ಕೊರಕಲಿನಲ್ಲಿ, 7 ಜನರ ಗುಂಪಿನಲ್ಲಿ ಒಬ್ಬರೂ ಉಳಿಯಲಿಲ್ಲ. ಕೀಹೋಲ್ ಕಷ್ಟದ್ದೇನೂ ಅಲ್ಲ, ಹೊಸಬರು ಹೋಗುವ ಜಾಗ. ಅವತ್ತು ಬೆಳಿಗ್ಗೆ ಪರ್ಮಿಟ್ ತೆಗೆದುಕೊಳ್ಳುವಾಗ ಪ್ರವಾಹದ ಎಚ್ಚರಿಕೆಯನ್ನೂ ಅವರು ಕೇಳಿಸಿಕೊಂಡಿದ್ದರು.

ಈ ಮಾತನ್ನು ಎರಡು ಸಲ ಓದಿ. ಪರ್ಮಿಟ್ ಕೈಗೆ ಸಿಕ್ಕಿತು ಅಂದರೆ ಇವತ್ತು ಹೋಗಬಹುದು ಎಂದರ್ಥವಲ್ಲ. ಪಾರ್ಕಿನ ರೇಂಜರ್ ಎಚ್ಚರಿಕೆ ಹೇಳುತ್ತಾರೆ, ತೀರ್ಮಾನ ನಿಮ್ಮದೇ.

ಜಯಾನ್‌ನಲ್ಲಿ ದಿನವೂ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಮಟ್ಟದಲ್ಲಿ ಹಾಕುತ್ತಾರೆ: ನಿರೀಕ್ಷೆ ಇಲ್ಲ, ಬರಬಹುದು, ಬರುವ ಸಂಭವ ಜಾಸ್ತಿ, ಬಂದೇ ಬರುತ್ತದೆ. ನನ್ನ ಲೆಕ್ಕ ಸರಳ. ಮೊದಲನೆಯದು ಇದ್ದರೆ ಇಳಿಯುತ್ತೇನೆ. ಎರಡನೆಯದಾದರೆ ಹಗ್ಗ ಬೇಡದ, ಮೇಲೆ ಹತ್ತಿಕೊಳ್ಳಲು ಜಾಗ ಇರುವ ಕಡೆ ನಡೆದು ಬರುತ್ತೇನೆ. ಉಳಿದೆರಡಾದರೆ ಸುಮ್ನೆ ಊರಲ್ಲಿ ಕಾಫಿ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಾನ್ಸೂನ್ ಇದೆ, ಮಧ್ಯಾಹ್ನ ಮೋಡ ಕಟ್ಟಿ ಗುಡುಗುತ್ತದೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ಬೆಳಕು ಹರಿಯುತ್ತಲೇ ಇಳಿದು ಮಧ್ಯಾಹ್ನದ ಒಳಗೆ ಹೊರಗಿರಬೇಕು. ನಿಮ್ಮ ಕೊರಕಲಿಗೆ ಯಾವ ಯಾವ ಗುಡ್ಡದ ನೀರು ಬರುತ್ತದೆ ಎಂದು ನಕ್ಷೆಯಲ್ಲಿ ನೋಡಿಕೊಂಡು, ಅಲ್ಲಿನ ಹವಾಮಾನ ನೋಡಿ.

ಮೂರನೆಯದು ಚೀಲ

ಹೊರಗೆ 38 ಡಿಗ್ರಿ ಸೆಕೆ ಇರುವಾಗ ದಪ್ಪ ರಬ್ಬರಿನ ವೆಟ್‌ಸೂಟ್ ಹೊತ್ತುಕೊಂಡು ಹೋಗುವುದು ಹುಚ್ಚುತನ ಅನ್ನಿಸುತ್ತದೆ. ಹೊತ್ತುಕೊಂಡು ಹೋಗಿ. ಮಡುಗಳಿಗೆ ಬಿಸಿಲು ತಾಗುವುದೇ ಇಲ್ಲ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಶಾಖ ಕಸಿದುಕೊಳ್ಳುತ್ತದೆ. ಮೂರ್ನಾಲ್ಕು ಮಿಲಿಮೀಟರಿನ ವೆಟ್‌ಸೂಟ್ ಮತ್ತು ಅದೇ ಬಟ್ಟೆಯ ಕಾಲುಚೀಲ ಬೇಕು. ಒಳಗೆ ಹತ್ತಿ ಬನಿಯನ್ ಬೇಡ, ಅದು ನೆಂದರೆ ಒದ್ದೆ ಟವೆಲ್ ಸುತ್ತಿಕೊಂಡ ಹಾಗೆ. ನನ್ನ ಮೊದಲ ಸಲ ಅದೇ ತಪ್ಪು ಮಾಡಿದ್ದೆ. ಮೂರನೇ ಮಡುವಿನ ಹೊತ್ತಿಗೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಬೀನರಿನ ತಿರುಪು ಬಿಚ್ಚಲು ಬೆರಳೇ ಬರಲಿಲ್ಲ. ಜೊತೆಗಿದ್ದವರು ಬಿಚ್ಚಿಕೊಟ್ಟರು.

ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್, ಹಗ್ಗವನ್ನು ತೂರಿಸಿ ನಿಧಾನಕ್ಕೆ ಇಳಿಯುವ ಸಾಧನ, ನಾಲ್ಕೈದು ಬೀಗದ ಕ್ಯಾರಬೀನರ್ ಪ್ರತಿಯೊಬ್ಬರಿಗೂ ಬೇಕು. ಹಗ್ಗ ಎಳೆದರೆ ಹಿಗ್ಗದ ಸ್ಟ್ಯಾಟಿಕ್ ಜಾತಿಯದಿರಲಿ. ಪೈನ್ ಕ್ರೀಕಿನ ಅತಿ ಉದ್ದದ ಇಳಿತ ಸುಮಾರು 30 ಮೀಟರ್, ಆದ್ದರಿಂದ ಒಟ್ಟು 60 ಮೀಟರಿಗಿಂತ ಕಡಿಮೆ ಆಗಬಾರದು. ಬಂಡೆಗೆ ಸುತ್ತಲು ಪಟ್ಟಿ, ಸಣ್ಣ ಚಾಕು, ಹಣೆದೀಪ, ಸೀಟಿ. ಒಣಗಿದ ಒಂದು ಜೊತೆ ಬಟ್ಟೆ, ನೀರು ಹೋಗದ ಡಬ್ಬಿಯಲ್ಲಿ. ತಿನ್ನಲು ಕಡಲೆಬೀಜದ ಚಿಕ್ಕಿಗಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ.

ಚೀಲ ಸಿದ್ಧವಾದ ಮೇಲೆ ಒಬ್ಬರಿಗೆ ಫೋನ್ ಮಾಡಿ. ಯಾವ ಕೊರಕಲು, ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಗೆ, ಎಷ್ಟು ಹೊತ್ತು ಮೀರಿದರೆ ರೇಂಜರಿಗೆ ತಿಳಿಸಬೇಕು, ಎಲ್ಲ ಹೇಳಿ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ ಯುವಕ ಯಾರಿಗೂ ಹೇಳದೆ ಯೂಟಾದ ಬ್ಲೂಜಾನ್ ಕೊರಕಲಿಗೆ ಒಬ್ಬನೇ ಹೋಗಿದ್ದ. ಸರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಅದುಮಿತು. ಐದು ದಿನ ಕಳೆದರೂ ಅಲ್ಲಿಗೆ ಯಾರೂ ಬರಲಿಲ್ಲ. ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು, ಒಂದೇ ಕೈಯಲ್ಲಿ ಹಗ್ಗ ಹಿಡಿದು ಇಳಿದು ಹೊರಬಂದ.

ಹಗ್ಗ ಕಟ್ಟುವುದು

ಪೈನ್ ಕ್ರೀಕ್ ಶುರುವಾಗುವುದು ರಸ್ತೆಯ ಪಕ್ಕದಲ್ಲೇ. 1930ರಲ್ಲಿ ತೆರೆದ, 1.8 ಕಿಲೋಮೀಟರ್ ಉದ್ದದ ಸುರಂಗದ ಪೂರ್ವ ಬಾಯಿಯ ಬಳಿ ಸಣ್ಣ ಪಾರ್ಕಿಂಗ್ ಇದೆ. ಅಲ್ಲಿಂದ ಇಳಿದು ಮರಳಿನ ಮೇಲೆ ಸ್ವಲ್ಪ ನಡೆದರೆ ಗೋಡೆಗಳು ಹತ್ತಿರವಾಗುತ್ತವೆ. ವೆಟ್‌ಸೂಟ್ ಹಾಕಿಕೊಳ್ಳುವುದು ಅಲ್ಲಿ.

ಬಂಡೆಯಲ್ಲಿ ಬೋಲ್ಟ್ ಇದ್ದರೆ ಎಳೆದು ನೋಡಿ. ಪಟ್ಟಿ ಸುತ್ತಿದ್ದರೆ ಅದರ ಹಿಂಬದಿ ತಿರುಗಿಸಿ ನೋಡಿ. ಬಿಸಿಲಿಗೆ ಬಿಳಿಚಿಕೊಂಡಿದ್ದರೆ, ಎಳೆ ಕಿತ್ತಿದ್ದರೆ ಕತ್ತರಿಸಿ ಹೊಸದು ಹಾಕಿ. ಮಳೆ ಬಂದ ಮರುದಿನ ಮರಳುಗಲ್ಲು ಮೆತ್ತಗಿರುತ್ತದೆ, ಅದರ ಚೂಪು ಚಾಚುಗಳನ್ನು ನಂಬಬೇಡಿ.

ಬೋಲ್ಟಿನ ಉಂಗುರದೊಳಗೆ ಹಗ್ಗ ತೂರಿಸಿ, ಒಂದು ಪಕ್ಕಕ್ಕೆ ತಡೆ ಕಟ್ಟುತ್ತಾರೆ. ಆ ತಡೆ ಉಂಗುರಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ತಡೆ ಇಲ್ಲದ ಪಕ್ಕದ ಎಳೆಯಲ್ಲಿ ಇಳಿದು, ತಡೆ ಇರುವ ಪಕ್ಕದ ಎಳೆಯಿಂದ ಹಗ್ಗ ಎಳೆದುಕೊಳ್ಳುತ್ತೀರಿ. ಅದಲು ಬದಲಾಗಿ ಎಳೆಯುವ ಹಗ್ಗಕ್ಕೇ ನೇತುಬಿದ್ದರೆ ಹಗ್ಗದ ಸಮೇತ ಕೆಳಗೆ. ಹಾಗೆ ಸತ್ತವರೂ ಇದ್ದಾರೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಬಣ್ಣದ ಹಗ್ಗ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಜಾಣತನ ಇದೆ. ಕೊನೆಯವರನ್ನು ಬಿಟ್ಟು ಉಳಿದವರೆಲ್ಲ ಇಳಿಯುವಾಗ ಹಗ್ಗವನ್ನು ಮೇಲಿನಿಂದ ಸಡಿಲಿಸಬಹುದಾದ ಹಾಗೆ ಕಟ್ಟಿಡಬೇಕು. ಯಾರದಾದರೂ ಜಡೆಯೋ ಅಂಗಿಯೋ ಸಾಧನದಲ್ಲಿ ಸಿಕ್ಕಿ ಅರ್ಧದಲ್ಲಿ ನೇತಾಡಿದರೆ, ಬಾವಿಗೆ ಕೊಡ ಬಿಟ್ಟ ಹಾಗೆ ಅವರನ್ನು ನಿಧಾನವಾಗಿ ಕೆಳಗೆ ಬಿಡಬಹುದು. ಜಡೆ ಇರುವವರು ಅದನ್ನು ಬೆನ್ನ ಕಡೆ ಅಂಗಿಯೊಳಗೆ ತುರುಕಿಕೊಳ್ಳಿ.

ಕೆಳಗೆ ಮಡು ಇದ್ದರೆ ಹಗ್ಗದ ತುದಿ ನೀರಿಗೆ ಮುಟ್ಟುವಷ್ಟೇ ಇರಲಿ. ಜಾಸ್ತಿ ಬಿಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಈಜುತ್ತಾ ಸಾಧನದಿಂದ ಹಗ್ಗ ಬಿಚ್ಚುವುದು ಎಷ್ಟು ಕಷ್ಟ ಎನ್ನುವುದು ಮಾಡಿದವರಿಗೇ ಗೊತ್ತು. ಅಳತೆ ಸರಿ ಇದ್ದರೆ ನೀರಿಗೆ ಬಿದ್ದ ಕೂಡಲೇ ತುದಿ ತಾನೇ ಜಾರಿ ಬಿಟ್ಟುಕೊಳ್ಳುತ್ತದೆ.

ಇಳಿಯುವುದು, ಎಳೆಯುವುದು

ಅಂಚಿಗೆ ಹೋಗುವ ಮೊದಲು ಇನ್ನೊಬ್ಬರ ಕೈಲಿ ತಪಾಸಣೆ ಮಾಡಿಸಿ: ಹಾರ್ನೆಸ್ ಪಟ್ಟಿ, ಕ್ಯಾರಬೀನರಿನ ಬೀಗ, ಸಾಧನದಲ್ಲಿ ಹಗ್ಗ ಹೊಕ್ಕ ರೀತಿ. ಕೆಳಗಿನ ಕೈ ಬ್ರೇಕ್. ಆ ಕೈಯನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ, ಮೂಗು ತುರಿಸಿದರೂ ಸರಿ. ಕಾಲು ಅಗಲಿಸಿ, ಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ವಾಲಿ. ಸಿನಿಮಾದಲ್ಲಿ ತೋರಿಸುವ ಹಾಗೆ ಕುಪ್ಪಳಿಸಬೇಡಿ. ಬೋಲ್ಟಿಗೂ ಒಳ್ಳೆಯದಲ್ಲ, ಮೆತ್ತನೆ ಬಂಡೆಗೂ ಒಳ್ಳೆಯದಲ್ಲ. ಮೊದಲು ಇಳಿದವರು ಕೆಳಗೆ ಹಗ್ಗದ ತುದಿ ಹಿಡಿದು ನಿಲ್ಲಬೇಕು. ಮೇಲಿನವರು ಜಾರಿದರೆ ಅದನ್ನು ಜಗ್ಗಿದರೆ ಸಾಕು, ನಿಲ್ಲುತ್ತಾರೆ. ಕೂಗಿದ್ದು ಕೊರಕಲಿನಲ್ಲಿ ಬರೀ ಪ್ರತಿಧ್ವನಿಯಾಗುತ್ತದೆ. ಎಷ್ಟು ಸೀಟಿಗೆ ಏನರ್ಥ ಎಂದು ಕಾರಿನ ಹತ್ತಿರವೇ ಮಾತಾಡಿಕೊಳ್ಳಿ.

ಕೊನೆಯವರು ಇಳಿಯುವ ಮೊದಲು ಕೆಳಗಿನವರು ಎಳೆಯುವ ಹಗ್ಗವನ್ನು ಒಂದಡಿ ಜಗ್ಗಿ ನೋಡಬೇಕು. ಅದು ಸರಿದರೆ ಕೊನೆಯವರು ಮೊದಲಿನ ಸ್ಥಿತಿಗೆ ತಂದುಕೊಂಡು ಇಳಿಯಬಹುದು. ಸಿಕ್ಕಿಕೊಂಡರೆ ಮೇಲಿನವರೇ ಸರಿಪಡಿಸಬೇಕು, ಯಾಕೆಂದರೆ ಅವರು ಇಳಿದ ಮೇಲೆ ಸರಿಪಡಿಸಲು ಮೇಲೆ ಯಾರೂ ಇರುವುದಿಲ್ಲ. ಇನ್ನು ಯಾರಿಗಾದರೂ ಹುಷಾರಿಲ್ಲವೇ, ಮೋಡ ಕಟ್ಟಿದೆಯೇ, ಮೊದಲ ಇಳಿತದಲ್ಲಿ ಇದನ್ನೂ ಒಮ್ಮೆ ಕೇಳಿ. ಆಮೇಲೆ ಎಳೆಯಿರಿ.

ಮಡುಗಳು

ನೀರು ಕಂಡರೆ ಹಾರಬೇಡಿ. ಹೋದ ತಿಂಗಳು ಎರಡಾಳು ಆಳ ಇದ್ದ ಮಡುವನ್ನು ಒಂದೇ ಪ್ರವಾಹ ಮರಳಿನಿಂದ ಮೊಣಕಾಲುದ್ದಕ್ಕೆ ತುಂಬಿಸಿಬಿಡುತ್ತದೆ. ಜಾರಿ ಇಳಿಯಿರಿ, ಕಾಲು ಮುಂದೆ ಇರಲಿ.

ಕೆಲವು ಕೊರಕಲುಗಳಲ್ಲಿ ಗುಡಾಣದ ಆಕಾರದ ಗುಂಡಿಗಳಿರುತ್ತವೆ. ನೀರು ತುಂಬಿದ್ದರೆ ಈಜಿ ಅಂಚು ಹಿಡಿಯಬಹುದು. ಅರ್ಧ ಖಾಲಿ ಇದ್ದರೆ ಅಂಚು ತಲೆಯಿಂದ ಎಷ್ಟೋ ಮೇಲೆ, ಗೋಡೆ ನುಣುಪು. ಒಬ್ಬರ ಭುಜದ ಮೇಲೆ ಇನ್ನೊಬ್ಬರು ಹತ್ತುವುದು ಒಂದು ಉಪಾಯ. ಚೀಲಕ್ಕೆ ನೀರು ತುಂಬಿ, ಹಗ್ಗ ಕಟ್ಟಿ, ಆಚೆ ಎಸೆದು, ಅದರ ಭಾರದ ಮೇಲೆ ಹತ್ತುವುದು ಇನ್ನೊಂದು. ಪೈನ್ ಕ್ರೀಕಿನಲ್ಲಿ ಈ ಪಾಡು ಸಾಮಾನ್ಯವಾಗಿ ಬರುವುದಿಲ್ಲ.

ಚಳಿ ಹೊಡೆಯುವುದು ಈಜುವಾಗಲ್ಲ, ಒದ್ದೆ ಮೈಯಲ್ಲಿ ಸರದಿಗೆ ಕಾಯುವಾಗ. ಆರು ಜನರ ಗುಂಪಾದರೆ ಮೊದಲು ಇಳಿದವರು ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಅದಕ್ಕೇ ಸಣ್ಣ ಗುಂಪು ವಾಸಿ. ನಡುಗುತ್ತಿರುವವರ ಹೆಬ್ಬೆರಳು ಕಿರುಬೆರಳನ್ನು ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ, ಮಾತು ತೊದಲಿದರೆ, ನಡುಕ ತಾನಾಗಿ ನಿಂತುಬಿಟ್ಟರೆ ಅಪಾಯ. ನೀರಿನಿಂದ ಎಬ್ಬಿಸಿ, ಒಣ ಬಟ್ಟೆ ಹಾಕಿ, ಸಿಹಿ ತಿನ್ನಿಸಿ, ಇಬ್ಬರು ಅಪ್ಪಿಕೊಂಡು ಕೂರಿ. ಫೋನ್ ಸಿಗ್ನಲ್ ಇಲ್ಲ.

ಕೊನೆಯ 30 ಮೀಟರ್

ನಡುವೆ ಒಂದು ಕಡೆ ಕತ್ತಲ ಕೋಣೆಯೊಳಕ್ಕೆ ಇಳಿಯುತ್ತೀರಿ. ಚಾವಣಿಯ ಕಿಂಡಿಯಿಂದ ಬೆಳಕು ಬೀಳುತ್ತಿರುತ್ತದೆ. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಯಾಕೋ ಗೊತ್ತಿಲ್ಲ.

ಕೊನೆಯ ಇಳಿತದಲ್ಲಿ ಗೋಡೆ ಒಳಕ್ಕೆ ಸರಿದು, ಕಾಲಿಗೆ ಏನೂ ಸಿಗುವುದಿಲ್ಲ. ಜೇಡದ ಹಾಗೆ ಗಾಳಿಯಲ್ಲಿ ತಿರುಗುತ್ತಾ ಇಳಿಯಬೇಕು. ಗೋಡೆಗೆ ಕಾಲು ಕೊಟ್ಟಾಗ ಸಾಕಾಗುತ್ತಿದ್ದ ಬ್ರೇಕ್ ಇಲ್ಲಿ ಸಾಲದು, ಪೂರ್ತಿ ಭಾರ ಹಗ್ಗದ ಮೇಲೆ ಬೀಳುತ್ತದೆ. ಅಂಚು ದಾಟುವ ಮೊದಲೇ ಸಾಧನಕ್ಕೆ ಇನ್ನೊಂದು ಸುತ್ತು ಹಾಕಿ ಬಿಗಿ ಹೆಚ್ಚಿಸಿಕೊಳ್ಳಿ. ನಡುವೆ ವೇಗ ಜಾಸ್ತಿ ಅನ್ನಿಸಿ ಗಾಬರಿಯಾಗುವುದಕ್ಕಿಂತ, ನಿಧಾನ ಆಗಿ ಬೇಸರವಾಗುವುದು ಮೇಲು. ಅಂಚಿನ ಕಟ್ಟೆ ಇಕ್ಕಟ್ಟು, ಕಾಯುವವರೂ ಬೋಲ್ಟಿಗೆ ಕೊಂಡಿ ಹಾಕಿಕೊಂಡೇ ಇರಬೇಕು.

ಕೆಳಗೆ ತಂಪಾದ ಒಸರು ನೀರಿದೆ. ಅಲ್ಲಿಂದ ಮುಂದೆ ದೊಡ್ಡ ದೊಡ್ಡ ಬಂಡೆಗಳ ಮೇಲೆ ಹತ್ತಿ ಇಳಿದು ರಸ್ತೆ ಸೇರಬೇಕು. ಸುಸ್ತಾದ ಕಾಲಿಗೆ ಇದೇ ದೊಡ್ಡ ಕಾಟ, ಕಣಕಾಲು ಉಳುಕುವುದು ಇಲ್ಲೇ. ಕಾರು ಇರುವುದು ಸುರಂಗದ ಆಚೆ ತುದಿಯಲ್ಲಿ, ಸುರಂಗದೊಳಗೆ ನಡೆದು ಹೋಗಲು ಬಿಡುವುದಿಲ್ಲ. ಇನ್ನೊಂದು ಕಾರನ್ನು ಬೆಳಿಗ್ಗೆಯೇ ಕೆಳಗಿನ ತಿರುವಿನಲ್ಲಿ ನಿಲ್ಲಿಸಿರಬೇಕು, ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಕೈ ತೋರಿಸಿ ಲಿಫ್ಟ್ ಕೇಳಬೇಕು.

ಹಗ್ಗವನ್ನು ಅವತ್ತೇ ತೊಳೆಯಿರಿ, ಎಳೆಯೊಳಗೆ ಉಳಿದ ಮರಳು ಅದನ್ನು ಒಳಗಿಂದ ಕತ್ತರಿಸುತ್ತದೆ. ಅದಕ್ಕೂ ಮೊದಲು, ಸಿಗ್ನಲ್ ಸಿಕ್ಕ ಕೂಡಲೇ, ಬೆಳಿಗ್ಗೆ ಹೇಳಿ ಹೊರಟಿದ್ದಿರಲ್ಲ, ಅವರಿಗೆ ಫೋನ್ ಮಾಡಿ. ಗಡಿಯಾರ ನೋಡುತ್ತಾ ಕೂತಿರುತ್ತಾರೆ.