ಎರಡು ಲಿಪೊ, ಒಂದು ಕಾರು: ಸೇರಿಸುವ ಮುಂಚೆ ಮೀಟರ್ ಹಿಡಿಯಿರಿ

ಕೊಯ್ಲು ಮುಗಿದು ಅಡಿಕೆಯೆಲ್ಲ ಮಂಡಿ ಸೇರಿದ ಮೇಲೆ ಅಂಗಳ ಖಾಲಿ. ತೀರ್ಥಹಳ್ಳಿ ಹತ್ತಿರದ ನಮ್ಮ ಅಣ್ಣನ ಮನೆಯಲ್ಲಿ ಆಗ ಅದೇ ರೇಸ್ ಟ್ರ್ಯಾಕ್. ಅಣ್ಣನ ಮಗನ ಹತ್ತಿರ 1:10 ಅಳತೆಯ ರಿಮೋಟ್ ಕಾರಿದೆ, ಎರಡು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಇವೆ. ಹೋದ ಬೇಸಿಗೆಯಲ್ಲಿ ಕೇಳಿದ, "ಚಿಕ್ಕಪ್ಪ, ಎರಡೂ ಒಟ್ಟಿಗೆ ಹಾಕಿದ್ರೆ ಡಬಲ್ ಸ್ಪೀಡ್ ಬರುತ್ತಲ್ವಾ?"

ಬರಬಹುದು. ಇಲ್ಲವೇ ಡಬಲ್ ಹೊತ್ತು ಓಡಬಹುದು. ಹೇಗೆ ಸೇರಿಸುತ್ತೀರಿ ಎನ್ನುವುದರ ಮೇಲೆ ಈ ಎರಡರಲ್ಲಿ ಒಂದು. ತಪ್ಪಾಗಿ ಸೇರಿಸಿದರೆ ಮೂರನೆಯದೂ ಇದೆ, ಹೊಗೆ. ಅದನ್ನು ನಾನೇ ಒಮ್ಮೆ ನೋಡಿದ್ದೇನೆ, ಮುಂದೆ ಹೇಳುತ್ತೇನೆ.

ಮೊದಲು ಲೇಬಲ್ ಓದಿ

ಲಿಪೊ ಪ್ಯಾಕಿನ ಒಳಗೆ ಸೆಲ್‌ಗಳಿರುತ್ತವೆ. ಒಂದು ಸೆಲ್ ಅಂದರೆ 3.7 ವೋಲ್ಟ್ ಎಂದು ಲೆಕ್ಕ. ಪೂರ್ತಿ ತುಂಬಿದಾಗ 4.2. ಯಾವ ಕಾರಣಕ್ಕೂ 3.0ಕ್ಕಿಂತ ಕೆಳಗೆ ಇಳಿಯಬಾರದು. 2ಎಸ್ ಅಂದರೆ ಎರಡು ಸೆಲ್, 7.4 ವೋಲ್ಟ್, ತುಂಬಿದಾಗ 8.4. 3ಎಸ್ ಅಂದರೆ 11.1, ತುಂಬಿದಾಗ 12.6. ಜೊತೆಗೆ 5000 ಎಂಎಎಚ್ ಎಂದು ಇರುತ್ತದೆ, ಅದು ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಸಿ ಎನ್ನುವ ಅಂಕಿ ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಎಂದು ಹೇಳುತ್ತದೆ. ಆ ಅಂಕಿಯನ್ನು ಪೂರ್ತಿ ನಂಬಬೇಡಿ, ಮಾರುವವರು ಅದನ್ನು ಸ್ವಲ್ಪ ಜಾಸ್ತಿಯೇ ಬರೆದಿರುತ್ತಾರೆ.

ನಮ್ಮ ಕಡೆಯವರಿಗೆ ನೀರಿನ ಟ್ಯಾಂಕಿನ ಲೆಕ್ಕ ಸುಲಭ. ಗುಡ್ಡದ ನೀರನ್ನು ಪೈಪಿನಲ್ಲಿ ಮನೆಗೆ ತರುವವರನ್ನು ಕೇಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ನಲ್ಲಿಯಲ್ಲಿ ಅಷ್ಟು ಜೋರು, ಅದು ವೋಲ್ಟ್. ಟ್ಯಾಂಕ್ ಎಷ್ಟು ದೊಡ್ಡದೋ ಅಷ್ಟು ಹೊತ್ತು ನೀರು, ಅದು ಎಂಎಎಚ್. ಒಂದು ಟ್ಯಾಂಕಿನ ಮೇಲೆ ಇನ್ನೊಂದನ್ನು ಇಟ್ಟರೆ ಸೀರೀಸ್. ಪಕ್ಕಪಕ್ಕ ಇಟ್ಟು ಬುಡದಲ್ಲಿ ಪೈಪ್ ಕೊಟ್ಟರೆ ಪ್ಯಾರಲಲ್. ಎರಡು 2ಎಸ್ 5000 ಪ್ಯಾಕುಗಳು ಸೀರೀಸಿನಲ್ಲಿ 14.8 ವೋಲ್ಟ್, 5000 ಎಂಎಎಚ್. ಪ್ಯಾರಲಲ್‌ನಲ್ಲಿ 7.4 ವೋಲ್ಟ್, 10000 ಎಂಎಎಚ್.

ನಿಮ್ಮ ಕಾರು ತಡೆಯುತ್ತದೆಯೇ?

ಸೀರೀಸ್ ಮಾಡುವ ಆಸೆ ಇದ್ದರೆ ಬ್ಯಾಟರಿ ಮುಟ್ಟುವ ಮುಂಚೆ ಕಾರಿನ ಇಎಸ್‌ಸಿ ಮೇಲಿನ ಸ್ಟಿಕ್ಕರ್ ನೋಡಿ. ಮೋಟರಿಗೆ ಕರೆಂಟ್ ಹಂಚುವ ಡಬ್ಬಿ ಅದು. ಅದರ ಮೇಲೆ 2ಎಸ್-3ಎಸ್ ಎಂದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಎರಡು 2ಎಸ್ ಸೀರೀಸಿನಲ್ಲಿ ಸೇರಿದರೆ 4ಎಸ್, ಅದನ್ನು ಕೊಟ್ಟರೆ ಡಬ್ಬಿ ಸುಟ್ಟೇ ಹೋಗುತ್ತದೆ.

ಮೋಟರ್ ಲೆಕ್ಕವನ್ನೂ ಹಾಕಿ. 3500 ಕೆವಿ ಮೋಟರ್ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು. 7.4 ವೋಲ್ಟಿಗೆ 25,900. 14.8ಕ್ಕೆ 51,800. ಅಷ್ಟು ವೇಗಕ್ಕೆ ಮಾಡದ ಮೋಟರಿನ ಬೇರಿಂಗ್, ಗೇರ್ ಎಲ್ಲ ಕಿತ್ತು ಬರುತ್ತವೆ.

ಎರಡು ಪ್ಯಾಕಿಗೆಂದೇ ಮಾಡಿದ ಕಾರುಗಳೂ ಇವೆ. ಟ್ರಾಕ್ಸಸ್‌ನ ಎಕ್ಸ್-ಮ್ಯಾಕ್ಸ್ 8ಎಸ್ ಎರಡು 4ಎಸ್ ಪ್ಯಾಕ್‌ಗಳನ್ನು ಸೀರೀಸಿನಲ್ಲಿ ಹಾಕಿಕೊಂಡೇ ಓಡುತ್ತದೆ. ಅಂಥದ್ದಾದರೆ ಚಿಂತೆಯಿಲ್ಲ. ಮಾಮೂಲಿ 1:10 ಕಾರಿನಲ್ಲಿ ಜಾಗವೇ ಇರುವುದಿಲ್ಲ. ಗಟ್ಟಿ ಕವಚದ ಒಂದು 2ಎಸ್ ಪ್ಯಾಕ್ ಸುಮಾರು 138 ಮಿ.ಮೀ. ಉದ್ದ, 47 ಅಗಲ. ಎರಡನೆಯದನ್ನು ಟೇಪ್ ಸುತ್ತಿ ಮೇಲೆ ಕೂರಿಸಿದರೆ ತಿರುವಿನಲ್ಲಿ ಕಾರು ಮಗುಚುತ್ತದೆ, ಬ್ಯಾಟರಿ ಕಲ್ಲಿಗೆ ಬಡಿಯುತ್ತದೆ. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಸೇರಿಸುವ ಅಗತ್ಯವೇ ಇಲ್ಲ. ಒಂದು ಖಾಲಿಯಾದ ಮೇಲೆ ಇನ್ನೊಂದು ಹಾಕಿ, ಅಷ್ಟೇ.

ಆದರೂ ಸೇರಿಸಲೇಬೇಕು ಎನ್ನುವವರು ಮುಂದೆ ಓದಿ.

ಜೋಡಿ ಸರಿಯಾಗಿರಲಿ

ಒಂದೇ ಕಂಪನಿ, ಒಂದೇ ಎಂಎಎಚ್, ಒಂದೇ ಸಿ, ಒಟ್ಟಿಗೆ ಕೊಂಡವು, ಒಂದೇ ಸಮ ಬಳಸಿದವು. ಒಂದು ಹಳೆಯದು, ಒಂದು ಹೊಸದು ಬೇಡ. ತುಂಬಿದಾಗ 4.35 ವೋಲ್ಟ್ ಮುಟ್ಟುವ ಲಿಪೊ ಹೈ-ವೋಲ್ಟೇಜ್ ಪ್ಯಾಕನ್ನು ಮಾಮೂಲಿ ಲಿಪೊ ಜೊತೆ ಸೇರಿಸಬೇಡಿ. ಒಂಚೂರು ಉಬ್ಬಿದ್ದರೂ ಆ ಪ್ಯಾಕನ್ನು ಲೆಕ್ಕದಿಂದ ಕೈಬಿಡಿ.

ಸೀರೀಸಿನಲ್ಲಿ ಇದು ಯಾಕೆ ಮುಖ್ಯ ಅಂತ ನೋಡಿ. ಇಎಸ್‌ಸಿ ಒಟ್ಟು ವೋಲ್ಟ್ ಮಾತ್ರ ನೋಡುತ್ತದೆ. ಸೆಲ್ಲಿಗೆ 3.2ರಂತೆ ನಾಲ್ಕು ಸೆಲ್ಲಿಗೆ 12.8 ವೋಲ್ಟಿಗೆ ಇಳಿದಾಗ ಕಾರು ನಿಲ್ಲಿಸು ಎಂದು ಅದಕ್ಕೆ ಹೇಳಿದ್ದೀರಿ ಎಂದುಕೊಳ್ಳಿ. ಗಟ್ಟಿ ಪ್ಯಾಕ್ 7.2 ವೋಲ್ಟಿನಲ್ಲಿದೆ, ಸೋತ ಪ್ಯಾಕ್ 5.6ಕ್ಕೆ ಬಂದಿದೆ. ಕೂಡಿಸಿದರೆ ಸರಿಯಾಗಿ 12.8. ಇಎಸ್‌ಸಿ ಆಗ ತಾನೇ ನಿಲ್ಲಿಸಲು ಹೊರಟಿದೆ, ಸೋತ ಪ್ಯಾಕಿನ ಸೆಲ್ ಆಗಲೇ 2.8ಕ್ಕೆ ಇಳಿದು ಕೆಟ್ಟಿದೆ. ಅದಕ್ಕೇ ಪ್ರತಿ ಪ್ಯಾಕಿನ ಬ್ಯಾಲೆನ್ಸ್ ಪ್ಲಗ್ಗಿಗೂ (ಒಂದೊಂದು ಸೆಲ್ಲಿನಿಂದಲೂ ಬರುವ ತೆಳು ವೈರುಗಳ ಸಣ್ಣ ಪ್ಲಗ್) ಒಂದೊಂದು ಲೋ-ವೋಲ್ಟೇಜ್ ಅಲಾರಂ ಸಿಕ್ಕಿಸಿ. ಸಣ್ಣ ಸಾಮಾನು, ಆದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ.

ಪ್ಯಾರಲಲ್ ಮಾಡುವಾಗ ನಾನು ಮಾಡಿದ ತಪ್ಪು

ಕೆಲವು ವರ್ಷದ ಹಿಂದಿನ ಮಾತು. ಒಂದು ಪ್ಯಾಕ್ ಈಗಷ್ಟೇ ಚಾರ್ಜರ್‌ನಿಂದ ಬಿಚ್ಚಿದ್ದು, 8.4 ವೋಲ್ಟ್. ಇನ್ನೊಂದು ಓಡಿಸಿ ಬಂದಿದ್ದು, 7.4 ಇತ್ತು. ಸೇರಿದರೆ ತಾವೇ ಸಮ ಆಗುತ್ತವೆ ಬಿಡು ಅಂತ ಸುಮ್ನೆ ಪ್ಲಗ್ ಒತ್ತಿದೆ. ಚಟ್ ಎಂದು ಕಿಡಿ. ಪ್ಲಗ್ಗಿನ ಚಿನ್ನದ ಬಣ್ಣದ ತುದಿ ಕಪ್ಪಾಯಿತು. ವೈರ್ ಬಿಸಿಯಾಯಿತು. ಗಾಬರಿಯಲ್ಲಿ ಕಿತ್ತು ಅಂಗಳಕ್ಕೆ ಎಸೆದೆ. ಹತ್ತು ನಿಮಿಷದಲ್ಲಿ ಖಾಲಿಯಿದ್ದ ಪ್ಯಾಕ್ ಬಿಸಿ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು, ಒಂದು ಮೂಲೆಯಿಂದ ಸಿಹಿ ಸಿಹಿ ವಾಸನೆಯ ಹೊಗೆ ಬಂತು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಎರಡು ಪ್ಯಾಕಿನ ಒಳಗಿನ ತಡೆ ಸೇರಿ 20 ಮಿಲಿಓಮ್ ಎಂದಿಟ್ಟುಕೊಳ್ಳಿ. ಒಂದು ವೋಲ್ಟ್ ವ್ಯತ್ಯಾಸಕ್ಕೆ ಆ ಕ್ಷಣದಲ್ಲಿ 50 ಆಂಪ್ ಹತ್ತಿರ ಹರಿಯುತ್ತದೆ. ಅದೇ 5000ರ ಪ್ಯಾಕಿಗೆ ನಾವು ಚಾರ್ಜರ್‌ನಲ್ಲಿ ಕೊಡುವುದು 5 ಆಂಪ್. ತುಂಬಿದ ಟ್ಯಾಂಕಿನಿಂದ ಖಾಲಿ ಟ್ಯಾಂಕಿಗೆ ಪೈಪ್ ಬಿಟ್ಟ ಹಾಗೆ, ನಡುವೆ ನಲ್ಲಿಯೇ ಇಲ್ಲ.

ಈಗ ನನ್ನ ಕ್ರಮ ಹೀಗಿದೆ. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ಅರ್ಧ ಗಂಟೆ ಸುಮ್ಮನೆ ಬಿಡುತ್ತೇನೆ. ಆಮೇಲೆ ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟ್ ಬರೆದುಕೊಳ್ಳುತ್ತೇನೆ. ಸೆಲ್ಲಿಗೆ 0.05, ಅಂದರೆ 2ಎಸ್ ಪ್ಯಾಕಿಗೆ 0.1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸೇರಿಸುವುದಿಲ್ಲ. ಸೆಲ್ ಎಣಿಕೆಯೂ ಒಂದೇ ಇರಬೇಕು. 2ಎಸ್ ಮತ್ತು 3ಎಸ್ ಪ್ಯಾರಲಲ್ ಮಾಡಿದರೆ ಬೆಂಕಿ ಹಚ್ಚಿದ ಹಾಗೇ.

ಒಂದು ಮಾತು: ಬ್ಯಾಟರಿಯನ್ನು ಇಎಸ್‌ಸಿಗೆ ಸಿಕ್ಕಿಸುವಾಗ ಬರುವ ಸಣ್ಣ ಕಿಡಿ ಮಾಮೂಲು, ಅದರ ಕೆಪಾಸಿಟರ್ ತುಂಬಿಕೊಳ್ಳುತ್ತದೆ. ಎರಡು ಬ್ಯಾಟರಿ ನಡುವೆ ಕಿಡಿ ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ.

ವೈರಿನ ಕೆಲಸ

ಎರಡು ಪ್ಯಾಕನ್ನು ಒಂದು ಪ್ಲಗ್ಗಿಗೆ ಸೇರಿಸುವ ರೆಡಿಮೇಡ್ ವೈ-ಕೇಬಲ್ ಕೊಳ್ಳುವುದೇ ಒಳ್ಳೆಯದು. ಸೀರೀಸ್ ಮತ್ತು ಪ್ಯಾರಲಲ್ ಕೇಬಲ್ ನೋಡಲು ಅಣ್ಣ ತಮ್ಮನ ಹಾಗಿರುತ್ತವೆ, ಟೇಪ್ ಸುತ್ತಿ ಹೆಸರು ಬರೆದಿಡಿ. ಸೀರೀಸ್ ಕೇಬಲ್ಲಿನಲ್ಲಿ ಒಂದು ಪ್ಯಾಕಿನ ಕೆಂಪು ಇನ್ನೊಂದರ ಕಪ್ಪಿಗೆ ಹೋಗುತ್ತದೆ, ಉಳಿದ ಒಂದು ಕೆಂಪು ಒಂದು ಕಪ್ಪು ಕಾರಿಗೆ. ಪ್ಯಾರಲಲ್‌ನಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ನೀವೇ ಬೆಸುಗೆ ಹಾಕುವುದಾದರೆ ಬ್ಯಾಟರಿ ಸಿಕ್ಕಿಸದೆ ಕೇಬಲ್ ಮಾತ್ರ ಮಾಡಿಕೊಳ್ಳಿ. ಬ್ಯಾಟರಿಯ ಪ್ಲಗ್ಗನ್ನೇ ಬದಲಾಯಿಸಬೇಕಾದರೆ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಬೇಡಿ. ಕತ್ತರಿಯ ಬಾಯಿಯೇ ಎರಡನ್ನೂ ಮುಟ್ಟಿಸಿ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಕೊಳವೆ) ಹಾಕಿ, ಆಮೇಲೆ ಇನ್ನೊಂದು.

ಕಾರಿಗೆ ಸಿಕ್ಕಿಸುವ ಮೊದಲು ಕೇಬಲ್ ತುದಿಗೆ ಮೀಟರ್ ಹಿಡಿಯಿರಿ. ತುಂಬಿದ ಎರಡು 2ಎಸ್ ಸೀರೀಸಿಗೆ 16.8, ಪ್ಯಾರಲಲ್‌ಗೆ 8.4 ತೋರಿಸಬೇಕು. ಬೇರೇನೋ ತೋರಿಸಿದರೆ ತಕ್ಷಣ ಬಿಚ್ಚಿ. ಹಾಗೇ, ಮುಖ್ಯ ವೈರ್ ಸೀರೀಸಿನಲ್ಲಿರುವಾಗ ಎರಡು ಬ್ಯಾಲೆನ್ಸ್ ಪ್ಲಗ್ಗನ್ನು ಪ್ಯಾರಲಲ್ ಬೋರ್ಡಿಗೆ (ಹಲವು ಪ್ಯಾಕನ್ನು ಒಟ್ಟಿಗೆ ಚಾರ್ಜ್ ಮಾಡುವ ಹಲಗೆ) ಹಾಕಬೇಡಿ. ಒಂದು ಪ್ಯಾಕಿನ ಕೆಂಪು ಮತ್ತು ಇನ್ನೊಂದರ ಕಪ್ಪು ಆಗಲೇ ಸೇರಿರುತ್ತವೆ, ಆ ತೆಳು ವೈರಿನಲ್ಲಿ ಶಾರ್ಟ್ ಆಗಿ ಕರಗಿ ಹೋಗುತ್ತದೆ.

ಚಾರ್ಜು, ಮಳೆಗಾಲ

ಆಡಿ ಬಂದ ಮೇಲೆ ಪ್ಯಾಕುಗಳನ್ನು ಬಿಡಿಸಿ, ತಣ್ಣಗಾಗಲು ಬಿಟ್ಟು, ಒಂದೊಂದನ್ನೇ ಬ್ಯಾಲೆನ್ಸ್ ಮೋಡ್‌ನಲ್ಲಿ, ಅಂದರೆ ಎಲ್ಲ ಸೆಲ್ ಸಮ ತುಂಬುವ ಹಾಗೆ, ಚಾರ್ಜ್ ಮಾಡಿ. 5000ಕ್ಕೆ 5 ಆಂಪ್, ಅಷ್ಟು ಸಾಕು. ಚಾರ್ಜ್ ಆಗುವಾಗ ಎದ್ದು ಹೋಗಬೇಡಿ.

ಮಲೆನಾಡಿನ ಹಳೇ ಮನೆಯಲ್ಲಿ ಸುತ್ತ ಏನೇನಿರುತ್ತದೆ ಗೊತ್ತಲ್ಲ: ಮರದ ಅಟ್ಟ, ಗೋಣಿಚೀಲ, ಒಣಗಿದ ಅಡಿಕೆ ಸಿಪ್ಪೆ. ಅಲ್ಲಿ ಲಿಪೊ ಚಾರ್ಜಿಗೆ ಇಡಬೇಡಿ. ಹೊರಜಗುಲಿಯಲ್ಲಿ ಕಲ್ಲು ಚಪ್ಪಡಿಯ ಮೇಲೆ ಮಣ್ಣಿನ ಮಡಕೆ ಇಟ್ಟು ಅದರೊಳಗೆ ಇಡಿ, ಬಾಯಿ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಹೋಗಲು ದಾರಿ ಬೇಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಹೊಗೆ ಬಂದರೆ ದೂರ ಸರಿಯಿರಿ, ಆ ಹೊಗೆ ವಿಷ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸೆಪ್ಟೆಂಬರ್ ತನಕ ಕಾರು ಹೊರಗೆ ಬರುವುದು ಕಡಿಮೆ. ಆಗ ಪ್ಯಾಕನ್ನು ಸೆಲ್ಲಿಗೆ 3.8 ವೋಲ್ಟಿನ ಸುತ್ತಮುತ್ತ ಇಟ್ಟು ಎತ್ತಿಡಿ. ಹೆಚ್ಚಿನ ಚಾರ್ಜರ್‌ಗಳಲ್ಲಿ ಸ್ಟೋರೇಜ್ ಎಂಬ ಮೋಡ್ ಇದಕ್ಕೇ ಇರುತ್ತದೆ. ಥಂಡಿಗೆ ಪ್ಲಗ್ಗಿನ ಮೇಲೆ ಹಸಿರು ಕಿಲುಬು ಕೂರುತ್ತದೆ, ತಿಂಗಳಿಗೊಮ್ಮೆ ತೆಗೆದು ಒರೆಸಿ, ವೋಲ್ಟ್ ನೋಡಿ.

ಉಬ್ಬಿದ ಪ್ಯಾಕನ್ನು ಚುಚ್ಚಬೇಡಿ, ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿಯನ್ನು ಮನೆಕಸದಿಂದ ಬೇರೆ ಇಟ್ಟು ಸಂಗ್ರಹಿಸುವವರಿಗೆ ಕೊಡಬೇಕು. ಕೊಡುವವರೆಗೆ ಎರಡು ತುದಿಗೂ ಬೇರೆ ಬೇರೆ ಟೇಪ್ ಸುತ್ತಿ ಮರಳಿನ ಮಡಕೆಯಲ್ಲಿ ಹೊರಗಿಡಿ. ನನ್ನ ಪೂರಿ ಪ್ಯಾಕ್ ಹಾಗೆ ಎರಡು ತಿಂಗಳು ಅತ್ತಿಗೆಯ ಸಾರಿನ ಮಡಕೆಯಲ್ಲಿತ್ತು. ಆ ಮಡಕೆಯನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ.