ಕಡಗೋಲಿನ ಬುಡದಲ್ಲೊಂದು ಹೂವು: ಗುಜರಿ ಸಾಮಾನಿನಿಂದ ಮನೆಯಲ್ಲೇ ಅಚ್ಚು

ಬಟ್ಟೆಗೆ, ಕಾಗದಕ್ಕೆ ಬಣ್ಣದ ಅಚ್ಚು ಒತ್ತುವ ಆಸೆ ಇದ್ದವರಿಗೆ ಅಂಗಡಿಯಲ್ಲಿ ಕೆತ್ತಿದ ಮರದ ಅಚ್ಚುಗಳು ಸಿಗುತ್ತವೆ. ಗುಜರಾತಿನ ಪೇಥಾಪುರದಂಥ ಊರುಗಳಲ್ಲಿ ತಲೆಮಾರುಗಳಿಂದ ಇದೇ ಕಸುಬು ಮಾಡಿಕೊಂಡು ಬಂದವರಿದ್ದಾರೆ. ಅವರ ಕೈಕೆಲಸಕ್ಕೆ ಸಾಟಿಯಿಲ್ಲ. ಆದರೆ ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಅದೇ ಮಾವಿನಕಾಯಿ, ಅದೇ ಬಳ್ಳಿ. ಬೇರೆ ಯಾರ ಬಳಿಯೂ ಇಲ್ಲದ ಅಚ್ಚು ಬೇಕಾದರೆ ಗುಜರಿ ಅಂಗಡಿಗೆ ಹೋಗಬೇಕು. ಅಲ್ಲಿ ಧೂಳು ಹಿಡಿದು ಬಿದ್ದಿರುವ ಕಡಗೋಲು, ಬೋಲ್ಟು, ಗಡಿಯಾರದ ಹಲ್ಲಿನ ಚಕ್ರ, ಮುರಿದ ಸ್ಟೂಲಿನ ಕಾಲು, ಇವೆಲ್ಲದರ ತಳದಲ್ಲೂ ಒಂದೊಂದು ಆಕಾರ ಇದೆ. ಎತ್ತಿಕೊಂಡು ತಲೆಕೆಳಗು ಮಾಡಿ ನೋಡಬೇಕು, ಅಷ್ಟೇ.

ಹುಡುಕಲು ಹೊರಡುವ ಮುಂಚೆ

ಬೆಂಗಳೂರಿನವರಿಗೆ ಚಿಕ್ಕಪೇಟೆ ಬಳಿ ಭಾನುವಾರ ಬೆಳಗ್ಗೆ ಸೇರುವ ಸಂಡೇ ಬಜಾರ್ ಇದೆ. ಬೇರೆ ಊರಿನವರಿಗೆ ಬಸ್ ಸ್ಟ್ಯಾಂಡ್ ಹಿಂದಿನ ಗುಜರಿ ಅಂಗಡಿ, ಸಂತೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂರುವ ಹಳೇ ಸಾಮಾನಿನವರು, ಹಿತ್ತಾಳೆ ಪಾತ್ರೆ ಬದಲಾಯಿಸಿಕೊಡುವ ಅಂಗಡಿ ಇವೆ. ನಿಮ್ಮ ಮನೆಯ ಅಟ್ಟವನ್ನೂ ಮರೆಯಬೇಡಿ.

ಚೀಲದಲ್ಲಿ ಎರಡು ವಸ್ತು ಇಟ್ಟುಕೊಂಡು ಹೋಗಿ: ಮಕ್ಕಳು ಆಡುವ ಕ್ಲೇಯ ಒಂದು ಉಂಡೆ, ಒಂದು ಚಿಕ್ಕ ಸ್ಟ್ಯಾಂಪ್ ಪ್ಯಾಡ್. ಕಣ್ಣಿಗೆ ಚೆನ್ನಾಗಿ ಕಂಡದ್ದೆಲ್ಲ ಚೆನ್ನಾಗಿ ಒತ್ತುವುದಿಲ್ಲ. "ಅಣ್ಣ, ಒಂದ್ಸಲ ಒತ್ತಿ ನೋಡ್ಲಾ?" ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕ್ಲೇ ಮೇಲೆ ಒತ್ತಿದ ಕೂಡಲೇ ಗೆರೆ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದಿರಬೇಕು. ಬಣ್ಣ ಹಚ್ಚಿ ಒತ್ತುವಾಗ ಮೂಡುವುದು ಉಬ್ಬಿದ ಭಾಗ ಮಾತ್ರ, ಅದೂ ಒಂದೇ ಮಟ್ಟದಲ್ಲಿ ಇರುವ ಭಾಗ. ತಗ್ಗಿನಲ್ಲಿ ಇರುವುದು ಖಾಲಿಯಾಗಿ ಉಳಿಯುತ್ತದೆ. ಮಣ್ಣಿಗೆ ಒತ್ತುವಾಗ ಉಬ್ಬು, ತಗ್ಗು ಎರಡೂ ಮೂಡುತ್ತವೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚು ಗುಜರಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಗಿಳಿ, ಮೀನು, ತುಳಸಿಕಟ್ಟೆ ಎಲ್ಲ ಒಳಕ್ಕೆ ಕೊರೆದಿರುತ್ತವೆ. ಬಣ್ಣಕ್ಕೆ ಅದು ಪ್ರಯೋಜನವಿಲ್ಲ. ಆದರೆ ಹದವಾದ ಜೇಡಿಮಣ್ಣಿಗೆ ಒಂಚೂರು ಪೌಡರ್ ಹಚ್ಚಿ ಅದರೊಳಗೆ ಒತ್ತಿ ತೆಗೆದರೆ ಉಬ್ಬಿದ ಗಿಳಿ ಸಿದ್ಧ! ಮಣ್ಣಿನ ಕೆಲಸ ಮಾಡುವವರು ಇಂಥದ್ದು ಕಂಡರೆ ಬಿಡಲೇಬಾರದು.

ಗೆರೆಗಳ ನಡುವಿನ ಸಂದು ಕನಿಷ್ಠ 2 ಮಿ.ಮೀ. ಇರಲಿ. ಅದಕ್ಕಿಂತ ಕಿರಿದಾದರೆ ಬಟ್ಟೆಯ ಬಣ್ಣ ಅಲ್ಲಿ ತುಂಬಿಕೊಂಡು ಕಲೆಯಂತೆ ಕಾಣುತ್ತದೆ.

ಕೆಲವನ್ನು ಮುಟ್ಟದಿರುವುದೇ ಒಳ್ಳೆಯದು. ಹುಳು ತಿಂದ ಮರ ಬೇಡ. ಹಳೇ ಬಣ್ಣ ಬಳಿದ ಮರವನ್ನು ಉಜ್ಜಬೇಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು, ಮಕ್ಕಳಿರುವ ಮನೆಯಲ್ಲಂತೂ ಆ ಧೂಳು ಏಳಲೇಬಾರದು. ವಾಹನದ ಹಳೇ ಬ್ರೇಕ್ ಪ್ಯಾಡ್ ಕೂಡ ಬೇಡ. ಕಚೇರಿಗಳ ಹಳೇ ರಬ್ಬರ್ ಸ್ಟ್ಯಾಂಪ್ ಸಿಕ್ಕರೆ ರಬ್ಬರನ್ನು ಕಿತ್ತು ಚೂರು ಮಾಡಿ ಬಿಸಾಡಿ, ಹಿಡಿಕೆ ಮಾತ್ರ ಇಟ್ಟುಕೊಳ್ಳಿ. ಆ ಹಿಡಿಕೆಗಳು ಕೈಗೆ ಎಷ್ಟು ಚೆನ್ನಾಗಿ ಕೂರುತ್ತವೆ ಅಂದರೆ ಅದಕ್ಕೋಸ್ಕರವೇ ಕೊಳ್ಳಬಹುದು.

ಮೊದಲ ಅಚ್ಚು: ಕಡಗೋಲು

ಕಲಿಯುವವರಿಗೆ ಕಡಗೋಲಿಗಿಂತ ಒಳ್ಳೆಯ ವಸ್ತು ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉದ್ದನೆ ಹಿಡಿಕೆ ಇದೆ. ತಲೆಯ ಸುತ್ತ ಮೇಲಿಂದ ಕೆಳಗೆ ತೋಡುಗಳಿವೆ. ಅಡ್ಡಕ್ಕೆ ಕುಯ್ದರೆ ಆ ತೋಡುಗಳ ನಡುವಿನ ಭಾಗವೇ ಎಸಳಾಗುತ್ತದೆ. ಯಾವನೋ ಬಡಗಿ ಮಜ್ಜಿಗೆ ಕಡೆಯಲು ಕೆತ್ತಿದ್ದು, ನಮಗೆ ಹೂವಾಗಿ ಸಿಗುತ್ತದೆ. ಮಿಕ್ಸಿ ಬಂದ ಮೇಲೆ ಕಡಗೋಲು ಗುಜರಿ ಸೇರಿರುವುದೂ ಜಾಸ್ತಿ. ತಲೆ ಗಟ್ಟಿಯಾಗಿರುವುದನ್ನು ಆರಿಸಿ. ಒಳಗೆ ಪೂರ್ತಿ ಟೊಳ್ಳು ಮಾಡಿ ಕೆತ್ತಿದ್ದು ಕುಯ್ಯುವಾಗ ಸೀಳಿಹೋಗುತ್ತದೆ.

ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ನೆನೆಹಾಕಬೇಡಿ, ಮರ ಉಬ್ಬುತ್ತದೆ. ನೆರಳಲ್ಲಿ ಪೂರ್ತಿ ಒಣಗಲಿ.

ತಲೆಯ ಅಗಲವಾದ ಜಾಗ ಎಲ್ಲಿದೆ ನೋಡಿ. ಅಲ್ಲಿ ಒಂದು ಕಾಗದದ ಪಟ್ಟಿಯನ್ನು ಸುತ್ತ ಬಿಗಿಯಾಗಿ ಸುತ್ತಿ, ಅದರ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಹೀಗೆ ಮಾಡಿದರೆ ಗೆರೆ ಸೊಟ್ಟಗಾಗುವುದಿಲ್ಲ. ಸಣ್ಣ ಹಲ್ಲಿನ ಗರಗಸ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡ್ ಸಾಕು. ಕಡಗೋಲನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸುತ್ತಲೂ ಮೊದಲು ತೆಳ್ಳಗೆ ಗೀರು ಮಾಡಿ, ಆಮೇಲೆ ಕುಯ್ಯಿರಿ. ಒಂದೇ ಕಡೆಯಿಂದ ಒತ್ತಿ ಕುಯ್ದರೆ ಕೊನೆಯ ಎಸಳು ಮುರಿಯುತ್ತದೆ.

ಈಗ ಮುಖ ಸಮ ಮಾಡುವ ಕೆಲಸ. ಇಡೀ ಲೇಖನದಲ್ಲಿ ತಾಳ್ಮೆ ಬೇಕಾದ ಜಾಗ ಇದೊಂದೇ. ನೆಲಕ್ಕೆ ಹಾಕುವ ಟೈಲ್ಸ್‌ನ ಒಂದು ತುಂಡಿನ ಮೇಲೆ 80ನೇ ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ. ಅಚ್ಚಿನ ಮುಖದ ತುಂಬ ಪೆನ್ಸಿಲ್‌ನಿಂದ ಗೀಚಿ. ನೇರವಾಗಿ ಹಿಡಿದು ಎಂಟರ ಆಕಾರದಲ್ಲಿ ಉಜ್ಜಿ. ಪೆನ್ಸಿಲ್ ಗುರುತು ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗಿದೆ ಅಂತ ಅರ್ಥ. ಗುರುತು ಎಲ್ಲ ಕಡೆ ಒಟ್ಟಿಗೆ ಅಳಿಸಿಹೋಗುವ ತನಕ ಗೀಚುವುದು, ಉಜ್ಜುವುದು. ಕೊನೆಗೆ 220ನೇ ನಂಬರಿನಲ್ಲಿ ನಯ ಮಾಡಿ. ಎಸಳುಗಳ ನಡುವೆ ಇನ್ನೂ ಆಳ ಬೇಕು ಅನಿಸಿದರೆ ಮುಕ್ಕೋನದ ಅರದಿಂದ ಎರಡೆಳೆ ತೆಗೆಯಿರಿ.

ಅಡ್ಡಕ್ಕೆ ಕುಯ್ದ ಮರ ಬಣ್ಣವನ್ನು ಹೀರುತ್ತದೆ. ಅದಕ್ಕೇ ಮೊದಲ ಕೆಲವು ಅಚ್ಚು ಮಂಕಾಗಿ ಬರುತ್ತವೆ. ಹಳೇ ಪತ್ರಿಕೆಯ ಮೇಲೆ ನಾಲ್ಕಾರು ಸಲ ಒತ್ತಿದ ಮೇಲೆ ಸರಿಹೋಗುತ್ತದೆ.

ಸ್ಟೂಲಿನ ಕಾಲು, ಮಂಚದ ಗೂಟ, ಬಾಗಿಲಿನ ಮರದ ಹಿಡಿ, ಇವಕ್ಕೂ ಇದೇ ಕ್ರಮ. ಅಂಗೈಗಿಂತ ಅಗಲವಾದ ಮರದ ತುಂಡು ಬಳಸಿದರೆ ಮಾತ್ರ ಒಂದು ತೊಂದರೆ: ಒತ್ತಿದಾಗ ಮಧ್ಯೆ ಗಾಳಿ ಸಿಕ್ಕಿಕೊಂಡು ಅಲ್ಲಿ ಬಣ್ಣ ಹತ್ತುವುದಿಲ್ಲ. ಅಚ್ಚು ಕೆತ್ತುವವರು ಇದಕ್ಕೆ ಹಿಂದಿನಿಂದಲೇ ದಾರಿ ಕಂಡುಕೊಂಡಿದ್ದಾರೆ. ದೊಡ್ಡ ಅಚ್ಚುಗಳಲ್ಲಿ ಎರಡು ಮೂರು ತೂತು ಆರುಪಾರು ಕೊರೆದಿರುತ್ತಾರೆ. ಗಾಳಿಯೂ ಹೋಗುತ್ತದೆ, ಹೆಚ್ಚಾದ ಬಣ್ಣವೂ ಹೋಗುತ್ತದೆ. ನೀವೂ ವಿನ್ಯಾಸದ ಖಾಲಿ ಜಾಗ ನೋಡಿ ಡ್ರಿಲ್ ಹಾಕಿಸಿ.

ದಾರದಿಂದ ಕನ್ನಡ ಅಕ್ಷರ

ಕನ್ನಡ ಅಕ್ಷರ ಕೆತ್ತುವುದು ಹೊಸಬರಿಗೆ ಕಷ್ಟ. ಎಲ್ಲ ಸುರುಳಿ, ಎಲ್ಲ ಗುಂಡಗೆ. ಆದರೆ ದಾರಕ್ಕೆ ಆ ತಿರುವುಗಳೇ ಸಲೀಸು. ಒಂದು ಸಮತಟ್ಟಾದ ಮರದ ತುಂಡು ತೆಗೆದುಕೊಳ್ಳಿ. ಬಟರ್ ಪೇಪರ್ ಮೇಲೆ ದಪ್ಪ ಪೆನ್ಸಿಲ್‌ನಿಂದ ಅಕ್ಷರ ಬರೆದು, ಬರೆದ ಕಡೆಯನ್ನು ಮರಕ್ಕೆ ತಾಗಿಸಿ, ಹಿಂದಿನಿಂದ ಚಮಚದ ಬೆನ್ನಿನಲ್ಲಿ ಉಜ್ಜಿ. ಮರದ ಮೇಲೆ ಅಕ್ಷರ ತಿರುಗುಮುರುಗಾಗಿ ಮೂಡುತ್ತದೆ. ನಮಗೆ ಬೇಕಾದ್ದೂ ಅದೇ. ಒತ್ತಿದಾಗ ಸರಿಯಾಗಿ ಬರುತ್ತದೆ.

ಆ ಗೆರೆಯ ಮೇಲೆ ಅಂಟು ಹಚ್ಚಿ ಹತ್ತಿಯ ದಪ್ಪ ದಾರ ಕೂರಿಸಿ. ದಾರದ ಮೇಲೆ ದಾರ ಹಾಯಬಾರದು, ಮಟ್ಟ ಏರುಪೇರಾಗುತ್ತದೆ. ಅಡ್ಡ ಬರುವ ಕಡೆ ಕತ್ತರಿಸಿ ಪಕ್ಕದಿಂದ ಮುಂದುವರಿಸಿ. ಮಾಮೂಲಿ ಬಿಳಿ ಫೆವಿಕಾಲ್ ನೀರು ತಾಗಿದರೆ ಮೆತ್ತಗಾಗುತ್ತದೆ. ನೀರು ತಡೆಯುವ ಫೆವಿಕಾಲ್ ಮೆರೈನ್ ತರಹದ್ದು ಬಳಸಿ. ಅಂಟು ಹಿಡಿದ ಮೇಲೆ ದಾರಕ್ಕೂ ಅದೇ ಅಂಟಿನ ತೆಳು ಲೇಪ ಕೊಟ್ಟು, ಒಂದು ದಿನ ಬಿಡಿ. ಇದೇ ದಾರವನ್ನು ಹಳೇ ಲಟ್ಟಣಿಗೆಗೆ ಓರೆಯಾಗಿ ಸುತ್ತಿ ಅಂಟಿಸಿದರೆ ಉರುಳಿಸುವ ಅಚ್ಚು. ಸೀರೆಯ ಅಂಚಿಗೆ, ಪರದೆಯ ಅಂಚಿಗೆ ಬಹಳ ಚೆನ್ನಾಗಿರುತ್ತದೆ.

ದಾರದ ಬದಲು ರಬ್ಬರೂ ಆಗುತ್ತದೆ. ಸೈಕಲ್ ಅಂಗಡಿಯ ಹಳೇ ಟ್ಯೂಬು ಒಳ್ಳೆಯದು. ಟ್ಯೂಬಿನೊಳಗಿನ ಬಿಳಿ ಪುಡಿ ತೊಳೆದು, ಎರಡೂ ಕಡೆ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಬೇಕಾದ ಆಕಾರ ಕತ್ತರಿಸಿ. ಮರಕ್ಕೆ ಅಂಟಿಸಲು ಪಂಕ್ಚರ್ ಹಾಕುವ ಸೊಲ್ಯೂಷನ್ನೇ ಸಾಕು. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ ಹಿಡಿಯಿರಿ. ಹವಾಯಿ ಚಪ್ಪಲಿಯ ಅಟ್ಟೆಯನ್ನು ಹರಿತ ಬ್ಲೇಡಿನಲ್ಲಿ ಕೆತ್ತಿದರೆ ಎಲೆ, ಹಕ್ಕಿಯಂಥ ದೊಡ್ಡ ಆಕಾರಗಳು ಸುಲಭ. ಕಾದ ಕಡ್ಡಿಯಿಂದ ಸುಟ್ಟು ಕೊರೆಯಬೇಡಿ, ಆ ಹೊಗೆ ಒಳ್ಳೆಯದಲ್ಲ.

ಇವಕ್ಕೆಲ್ಲ ಹಿಡಿಕೆ ಬೇಕಲ್ವಾ? ಮುರಿದ ಚನ್ನಪಟ್ಟಣದ ಬೊಂಬೆಗಳನ್ನು ನೋಡಿ. ಬುಗುರಿ, ಬೊಂಬೆಯ ತಲೆ, ಗಾಡಿಯ ಚಕ್ರ, ಎಲ್ಲ ಕೈಗೆ ನುಣ್ಣಗೆ. ಅವುಗಳ ಹೊಳಪು ಅರಗಿನದು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಟು ತಾಗುವ ಜಾಗದಲ್ಲಿ ಮಾತ್ರ ಅರಗು ಕೆರೆದು ಮರ ಕಾಣುವಂತೆ ಮಾಡಿ, ಇಲ್ಲದಿದ್ದರೆ ಹಿಡಿಕೆ ಕಳಚಿಕೊಳ್ಳುತ್ತದೆ.

ಬೋಲ್ಟು: ಮಣ್ಣಿಗೆ, ಚರ್ಮಕ್ಕೆ

ಬೋಲ್ಟಿನ ತಲೆಯೇ ಮುಖ, ದಂಡವೇ ಹಿಡಿಕೆ. ತಲೆಯ ಮೇಲೆ 8.8 ಎಂದು ಮೂಡಿದ್ದರೆ ಅದು ಗಟ್ಟಿ ಉಕ್ಕು, ಅರ ಹಾಕಲು ಕೈ ನೋಯುತ್ತದೆ. 4.6, 4.8 ಎಂದಿದ್ದರೆ ಮೆತ್ತಗಿನದು, ಮೊದಲಿಗೆ ಅದನ್ನೇ ಹುಡುಕಿ. ವಸ್ತುವನ್ನು ಬಿಗಿಯಾಗಿ ಹಿಡಿಯುವ ವೈಸ್‌ಗೆ ಸಿಕ್ಕಿಸಿ, ತಲೆಯನ್ನು ಸಮ ಮಾಡಿ, ಮುಕ್ಕೋನದ ಅರದಿಂದ ಒಂದು ಅಡ್ಡಗೆರೆ, ಒಂದು ಉದ್ದಗೆರೆ ತೋಡಿ. ನಾಲ್ಕು ಎಸಳು ಬಂತು. ಇನ್ನೆರಡು ಗೆರೆ ಹಾಕಿದರೆ ಎಂಟು. ಬಿಳಿ ಸತುವಿನ ಲೇಪ ಇರುವ ಬೋಲ್ಟನ್ನು ಬೆಂಕಿಗೆ ಹಿಡಿಯಬೇಡಿ, ಸತುವಿನ ಹೊಗೆ ಜ್ವರ ತರಿಸುತ್ತದೆ.

ಚರ್ಮಕ್ಕೆ ಒತ್ತುವವರು ನೆನಪಿಡಿ: ತೊಗಟೆ, ಕಾಯಿಯ ರಸದಲ್ಲಿ ಹದ ಮಾಡಿದ ಚರ್ಮದಲ್ಲಿ ಮಾತ್ರ ಗುರುತು ಉಳಿಯುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಇಂಥ ಚರ್ಮವನ್ನೇ. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್) ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳನ್ನು ಕೇಳಿದರೆ ಚೂರುಪಾರು ಸಿಗಬಹುದು. ಚರ್ಮವನ್ನು ಸ್ಪಂಜಿನಿಂದ ತೇವ ಮಾಡಿ, ಬಣ್ಣ ಮೊದಲಿನಂತೆ ತಿಳಿಯಾಗುತ್ತಾ ಬಂದಾಗ ಬೋಲ್ಟು ಇಟ್ಟು ಮರದ ಕೊಡತಿಯಿಂದ ಒಂದೇ ಪೆಟ್ಟು ಕೊಡಿ. ಎರಡನೇ ಪೆಟ್ಟಿಗೆ ಗುರುತು ಜೋಡಿಯಾಗುತ್ತದೆ.

ಒತ್ತುವ ಹಾಸು

ಅಚ್ಚು ಎಷ್ಟೇ ಚೆನ್ನಾಗಿದ್ದರೂ ಹಾಸು ಸರಿಯಿಲ್ಲದಿದ್ದರೆ ಕೆಲಸ ಕೆಡುತ್ತದೆ. ಅಚ್ಚು, ಹಾಸು, ಇವೆರಡರಲ್ಲಿ ಒಂದು ಮೆತ್ತಗಿರಲೇಬೇಕು. ಮರ, ಲೋಹದ ಅಚ್ಚಾದರೆ ಮೇಜಿನ ಮೇಲೆ ಹಳೇ ಕಂಬಳಿ ಮಡಚಿ, ಮೇಲೆ ಹತ್ತಿಯ ದುಪ್ಪಟಿ ಎಳೆದು ಕಟ್ಟಿ. ಬಟ್ಟೆಗೆ ಅಚ್ಚು ಒತ್ತುವ ಕಸುಬಿನ ಊರುಗಳಾದ ರಾಜಸ್ಥಾನದ ಬಗರೂ, ಸಾಂಗಾನೇರ್‌ನಲ್ಲಿ ಮೇಜಿಗೆ ಗೋಣಿ, ಬಟ್ಟೆಯ ಪದರ ಹಾಸುವುದು ಇದಕ್ಕೇ. ರಬ್ಬರಿನ ಅಚ್ಚಾದರೆ ಅಷ್ಟು ಮೆತ್ತನೆ ಬೇಡ, ನಾಲ್ಕು ಪದರ ಪತ್ರಿಕೆ ಸಾಕು. ಎರಡೂ ಮೆತ್ತಗಾದರೆ ಅಂಚು ಹರಡಿಕೊಳ್ಳುತ್ತದೆ. ಎರಡೂ ಗಟ್ಟಿಯಾದರೆ ಅಲ್ಲಲ್ಲಿ ಬಿಟ್ಟುಹೋಗುತ್ತದೆ.

ಬಣ್ಣದಲ್ಲಿ ಅಚ್ಚನ್ನು ಅದ್ದಬೇಡಿ. ಅಗಲ ಡಬ್ಬಿ ಮುಚ್ಚಳದಲ್ಲಿ ತೆಳು ಸ್ಪಂಜು, ಅದರ ಮೇಲೆ ಹಳೇ ಪಂಚೆಯ ತುಂಡು ಹಾಸಿ, ಫ್ಯಾಬ್ರಿಕ್ ಪೇಂಟನ್ನು ಬ್ರಷ್‌ನಿಂದ ಸವರಿ. ಅಚ್ಚನ್ನು ಮೆಲ್ಲಗೆ ಎರಡು ಸಲ ತಟ್ಟಿ, ಬಟ್ಟೆಗೆ ನೇರವಾಗಿ ಇಟ್ಟು, ಅಂಗೈಯಿಂದ ಒತ್ತಿ, ನೇರವಾಗಿಯೇ ಎತ್ತಿ. ಹೊಸ ಬಟ್ಟೆಯನ್ನು ಮೊದಲೇ ತೊಳೆದು ಗಂಜಿ ತೆಗೆದಿರಬೇಕು, ಗಂಜಿ ಇದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಒಂದು ದಿನ ಒಣಗಿದ ಮೇಲೆ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ. ಎಷ್ಟು ಹೊತ್ತು, ಯಾವಾಗ ತೊಳೆಯಬಹುದು ಎಂಬುದು ಬಣ್ಣದ ಬಾಟಲಿಯ ಮೇಲೆಯೇ ಇರುತ್ತದೆ.

ಕೆಲಸ ಮುಗಿದ ಕೂಡಲೇ ಅಚ್ಚು ತೊಳೆಯಿರಿ. ಬಣ್ಣ ಒಣಗಿದರೆ ಸಂದಿನಿಂದ ಬಿಡಿಸುವುದು ಕಷ್ಟ, ಹಳೇ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇರಲಿ. ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಒಂದು ಹನಿ ಎಣ್ಣೆ ಸವರಿ. ಮರದ್ದನ್ನು ಬಿಸಿಲಿಗೆ ಇಡದೆ, ಮುಖ ಮೇಲೆ ಮಾಡಿ ಗಾಳಿಯಲ್ಲಿ ಒಣಗಿಸಿ. ಅಡುಗೆಮನೆಯಿಂದ ಬಂದ ಕಡಗೋಲು, ಲಟ್ಟಣಿಗೆ ಒಮ್ಮೆ ಬಣ್ಣ ಕಂಡ ಮೇಲೆ ಮತ್ತೆ ಅಡುಗೆಗೆ ಬೇಡ. ಹಿಡಿಕೆಗೆ ಒಂದು ಕೆಂಪು ದಾರ ಕಟ್ಟಿಬಿಡಿ, ಮನೆಯವರೆಲ್ಲರಿಗೂ ಗೊತ್ತಾಗುತ್ತದೆ.