ಪೋಸ್ಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಬೇಕೇ? ಹೀಗೆ ಮಾಡಿ

"ಇವತ್ತು ಆಟ ಎಲ್ಲಿ?" ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟವೆಂದರೆ ಶಿರಸಿ, ಕುಮಟಾ, ಹೊನ್ನಾವರದ ಚಾ ಅಂಗಡಿಗಳಲ್ಲಿ ದಿನವೂ ಕೇಳುವ ಪ್ರಶ್ನೆ ಇದು. ಆಟವೆಂದರೆ ಯಕ್ಷಗಾನ ಪ್ರದರ್ಶನ. ಉತ್ತರ ಕೊಡಲೆಂದೇ ಊರೂರಿನ ಯಕ್ಷಗಾನಪ್ರಿಯರು ವಾಟ್ಸಾಪ್ ಗುಂಪು ಕಟ್ಟುತ್ತಾರೆ, ಕ್ಯೂಆರ್ ಕೋಡ್ ಇರುವ ಪೋಸ್ಟರ್ ಅಂಟಿಸುತ್ತಾರೆ. ಎಷ್ಟೋ ಕಡೆ ಆ ಕೋಡ್ ಓದುವುದೇ ಇಲ್ಲ. ಓದಿದರೂ ಲಿಂಕ್ ರದ್ದಾಗಿದೆ ಎಂಬ ಉತ್ತರ ಬರುತ್ತದೆ. ತಪ್ಪು ಜನರದ್ದಲ್ಲ. ಕೋಡ್ ತಯಾರಿಸುವಾಗ ಮತ್ತು ಅಚ್ಚು ಹಾಕಿಸುವಾಗ ಆದ ನಾಲ್ಕಾರು ಎಡವಟ್ಟುಗಳೇ ಕಾರಣ. ಬೀಜ ವಿನಿಮಯದ ಬಳಗವಿರಲಿ, ಓದುಗರ ಕೂಟವಿರಲಿ, ಕ್ರಮ ಇದೇ. ಇಲ್ಲಿ ಆಟದ ಬಳಗವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು ಗುಂಪು

ಮಾಹಿತಿ ಹೇಳುವುದಷ್ಟೇ ಕೆಲಸವಾದರೆ ವಾಟ್ಸಾಪ್ ಚಾನೆಲ್ ಸಾಕು. ಅಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಚರ್ಚೆಯೂ ಬೇಕೆಂದರೆ ಗುಂಪು ಮಾಡಿ. ಅದರ ಮಿತಿ 1024 ಜನ, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಗೋಡೆಯ ಮೇಲಿನ ಕೋಡನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದಾದ್ದರಿಂದ ಅಡ್ಮಿನ್ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಬರದಂತೆ ಸೆಟ್ಟಿಂಗ್ ಹಾಕಿಡಿ. ಗುಂಪಿನಲ್ಲಿ ಹೆಣ್ಣುಮಕ್ಕಳ ನಂಬರುಗಳಿದ್ದರಂತೂ ಇದನ್ನು ಬಿಡಲೇಬಾರದು.

ಕೋಡಿನೊಳಗೆ ಯಾವ ಲಿಂಕ್?

ಕೆಲಸ ಕೆಡುವುದು ಇಲ್ಲಿಯೇ. ಗುಂಪಿನ ಆಹ್ವಾನದ ಲಿಂಕನ್ನೇ ಕೋಡ್ ಮಾಡಿ ಅಚ್ಚು ಹಾಕಿಸುವುದು ಎಲ್ಲರ ರೂಢಿ. ಒಂದು ದಿನ ಲೋನ್ ಜಾಹೀರಾತು ಹಾಕುವವನೊಬ್ಬ ಒಳಗೆ ನುಗ್ಗುತ್ತಾನೆ, ಅಡ್ಮಿನ್ ಗಾಬರಿಯಾಗಿ ಲಿಂಕ್ ರಿಸೆಟ್ ಮಾಡುತ್ತಾರೆ, ಅಂಕೋಲೆಯಿಂದ ಸಿದ್ದಾಪುರದವರೆಗೆ ಅಂಟಿಸಿದ ಪೋಸ್ಟರುಗಳೆಲ್ಲ ಆ ಕ್ಷಣಕ್ಕೆ ಸತ್ತಂತೆ. ಆದ್ದರಿಂದ ಗುಂಪಿನ ಲಿಂಕನ್ನು ಎಂದಿಗೂ ಅಚ್ಚು ಹಾಕಿಸಬೇಡಿ.

ಬದಲಿಗೆ ಬೇರೆಯೇ ಒಂದು ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಆ್ಯಪ್ ಉಚಿತ. ನಿಮ್ಮ ಸ್ವಂತ ನಂಬರು ಬೇಡ, ಅದು ಊರ ಗೋಡೆಗೆಲ್ಲ ಏರುತ್ತದೆ. ಆ್ಯಪಿನೊಳಗೆ "ಗ್ರೀಟಿಂಗ್ ಮೆಸೇಜ್" ಎಂಬ ಸೌಲಭ್ಯವಿದೆ. ಹೊಸಬರು ಸಂದೇಶ ಕಳಿಸಿದರೆ, ಅಥವಾ ಹಳಬರು 14 ದಿನ ಸುಮ್ಮನಿದ್ದು ಮತ್ತೆ ಕಳಿಸಿದರೆ, ನೀವು ಬರೆದಿಟ್ಟ ಉತ್ತರ ತಾನಾಗಿ ಹೋಗುತ್ತದೆ. ಗುಂಪಿನ ಲಿಂಕನ್ನು ಆ ಉತ್ತರದಲ್ಲಿ ಇಡಿ. ನಾಳೆ ಲಿಂಕ್ ಬದಲಾದರೆ ಉತ್ತರವನ್ನು ತಿದ್ದಿದರಾಯಿತು, ಪೋಸ್ಟರ್ ಮುಟ್ಟಬೇಕಿಲ್ಲ. ಆ ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಉತ್ತರ ಹೋಗುತ್ತದೆ ಎಂಬುದು ನೆನಪಿರಲಿ. ಸಿಗ್ನಲ್ ಸಿಗದ ಮನೆಯಲ್ಲಿ ಆ ಫೋನ್ ಇಡಬೇಡಿ.

ಇನ್ನು ಕೋಡಿಗೆ ಹೋಗುವ ಲಿಂಕ್. ವಾಟ್ಸಾಪಿನ "ಡಬ್ಲ್ಯೂಎ ಡಾಟ್ ಎಂಇ" ವಿಳಾಸ ಬರೆದು, ಓರೆಗೆರೆ ಹಾಕಿ, 91 ಸೇರಿಸಿ ನಂಬರು ಬರೆಯಿರಿ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, "ಟೆಕ್ಸ್ಟ್", ಸಮಚಿಹ್ನೆ ಮತ್ತು ಒಂದು ಅಂಕಿ. ಎಲ್ಲವೂ ಇಂಗ್ಲಿಷಿನಲ್ಲಿ, ಹೀಗೆ: https://wa.me/91XXXXXXXXXX?text=1 (X ಇರುವಲ್ಲಿ ನಿಮ್ಮ ನಂಬರು). ಕುಮಟೆಯ ಪೋಸ್ಟರಿಗೆ 1, ಹೊನ್ನಾವರಕ್ಕೆ 2, ಯಲ್ಲಾಪುರಕ್ಕೆ 3. ಸ್ಕ್ಯಾನ್ ಮಾಡಿದವರ ಫೋನಿನಲ್ಲಿ ಆ ಅಂಕಿ ಮೊದಲೇ ಟೈಪ್ ಆಗಿರುತ್ತದೆ, ಅವರು ಕಳಿಸು ಒತ್ತಿದರೆ ಸಾಕು. ಯಾವ ಊರಿನ ಪೋಸ್ಟರ್ ಕೆಲಸ ಮಾಡುತ್ತಿದೆ ಎಂಬ ಲೆಕ್ಕ ನಿಮಗೆ ಖರ್ಚಿಲ್ಲದೆ ಸಿಕ್ಕಂತಾಯಿತು.

ಅಂಕಿಯ ಬದಲು ಚೆಂದವಾಗಿ "ಕಾರವಾರ" ಎಂದೇ ಬರೆಯೋಣ ಎನ್ನಿಸಬಹುದು. ಬೇಡ. ಲಿಂಕಿನೊಳಗೆ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ ಒಂಬತ್ತು ಅಕ್ಷರಗಳಾಗಿ ಒಡೆಯುತ್ತದೆ. "ಕಾರವಾರ" ಒಂದೇ 54 ಜಾಗ ತಿನ್ನುತ್ತದೆ. ಅಂಕಿ ಹಾಕಿದ ಲಿಂಕ್ ಒಟ್ಟು 33 ಅಕ್ಷರ, ಅದರ ಕೋಡಿನಲ್ಲಿ ಸಾಲಿಗೆ 29 ಚೌಕ. ಹೆಸರು ಹಾಕಿದರೆ ಸಾಲಿಗೆ 41 ಚೌಕ. ಅಳತೆ ಅಷ್ಟೇ ಇದ್ದು ಚೌಕ ಹೆಚ್ಚಾದರೆ ಒಂದೊಂದೂ ಚಿಕ್ಕದಾಗುತ್ತದೆ, ಹಳೇ ಫೋನಿನ ಕ್ಯಾಮೆರಾ ಸೋಲುತ್ತದೆ.

ಕೋಡ್ ತಯಾರಿ

"ಫ್ರೀ ಕ್ಯೂಆರ್" ಎಂದು ಕರೆಯುವ ಎಷ್ಟೋ ಜಾಲತಾಣಗಳು ನಿಮ್ಮ ಲಿಂಕನ್ನು ನೇರವಾಗಿ ಕೋಡ್ ಮಾಡುವುದಿಲ್ಲ. ನಡುವೆ ತಮ್ಮದೊಂದು ಲಿಂಕ್ ತೂರಿಸುತ್ತವೆ. ಟ್ರಯಲ್ ಮುಗಿದ ಮೇಲೆ ದುಡ್ಡು ಕಟ್ಟದಿದ್ದರೆ ಕೋಡ್ ನಿಂತುಹೋಗುತ್ತದೆ. ಪತ್ತೆ ಮಾಡುವುದು ಸುಲಭ: ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ವಾಟ್ಸಾಪಿನ ವಿಳಾಸ ಬಿಟ್ಟು ಬೇರೆ ಹೆಸರು ಕಂಡರೆ ಆ ಕೋಡ್ ಬೇಡ. ಕಂಪ್ಯೂಟರ್ ಇದ್ದವರು ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಬಳಸಿ. ಬಾರ್‌ಕೋಡ್ ಆಯ್ಕೆಯಡಿ ಕ್ಯೂಆರ್ ಸಿಗುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಕ್ಯೂಆರ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಕಾರ್ಖಾನೆಯಲ್ಲಿ ಕೊಳೆ ಹತ್ತಿದರೂ ಓದಬೇಕಿತ್ತು. ಅದಕ್ಕೇ ಅದರಲ್ಲಿ ನಾಲ್ಕು ದರ್ಜೆಯ ತಾಳಿಕೆ ಇದೆ: ಎಲ್, ಎಂ, ಕ್ಯೂ, ಎಚ್. ಕ್ರಮವಾಗಿ ಸುಮಾರು ಶೇ 7, 15, 25, 30ರಷ್ಟು ಹಾಳಾದರೂ ಓದುತ್ತದೆ. ಹೆಚ್ಚು ತಾಳಿಕೆ ಒಳ್ಳೆಯದೆಂದು ಎಚ್ ಹಾಕಿದರೆ ಚೌಕಗಳು ಹೆಚ್ಚಿ ಕೋಡ್ ಮತ್ತೆ ಒತ್ತೊತ್ತಾಗುತ್ತದೆ. ಎಂ ಸಾಕು. ನಡುವೆ ಲೋಗೊ ಕೂರಿಸುವ ಶೋಕಿಯೂ ಬೇಡ. ಕಾಗದ ಹರಿದಾಗ ನೆರವಾಗಬೇಕಾದ ತಾಳಿಕೆಯನ್ನು ಲೋಗೊ ಮೊದಲೇ ತಿಂದಿರುತ್ತದೆ.

ಪೋಸ್ಟರ್

ಎ4 ಹಾಳೆ ಸಾಕು. ಮೇಲೆ ದಪ್ಪಕ್ಷರದಲ್ಲಿ "ಇವತ್ತು ಆಟ ಎಲ್ಲಿ?", ನಡುವೆ ಯಕ್ಷಗಾನದ ಶಿರೋಭೂಷಣವಾದ ಕೇದಗೆ ಮುಂದಲೆಯ ಒಂದೇ ಬಣ್ಣದ ರೇಖಾಚಿತ್ರ, ಕೆಳಗೆ ಕೋಡ್. ಬಳಗದ ಹೆಸರು ಚಿಕ್ಕದಾಗಿ ಕೊನೆಗೆ ಬರಲಿ. ದಾರಿಹೋಕರಿಗೆ ಬೇಕಾದದ್ದು ಆಟದ ಸುದ್ದಿ. ಕಲಾವಿದರ ಫೋಟೊ ಹಾಕುವುದಾದರೆ ಅವರನ್ನೂ ಫೋಟೊ ತೆಗೆದವರನ್ನೂ ಕೇಳಿ ಹಾಕಿ. ಅಕ್ಷರಕ್ಕೆ ಬಾಲೂ ತಮ್ಮ ಅಥವಾ ನೋಟೊ ಸಾನ್ಸ್ ಕನ್ನಡ, ಎರಡೂ ಉಚಿತ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಕೋಡ್ 7 ಸೆಂ.ಮೀ. ಅಗಲ ಇರಲಿ. ಎಷ್ಟು ದೂರದಿಂದ ಓದಬೇಕೋ ಅದರ ಹತ್ತನೇ ಒಂದು ಪಾಲು ಎಂಬುದು ಬಳಕೆಯ ಲೆಕ್ಕ. ಆಟದ ಬಯಲಿನ ಬ್ಯಾನರಿಗೆ, 2 ಮೀಟರ್ ದೂರಕ್ಕೆ, 20 ಸೆಂ.ಮೀ. ಬೇಕು. ಕರಪತ್ರದಲ್ಲೂ 2.5 ಸೆಂ.ಮೀ.ಗಿಂತ ಇಳಿಸಬೇಡಿ.

ಸುತ್ತಲಿನ ಬಿಳಿ ಅಂಚಿನ ಬಗ್ಗೆ ಒತ್ತಿ ಹೇಳಲೇಬೇಕು. ನಾಲ್ಕೂ ಕಡೆ ನಾಲ್ಕು ಚೌಕದಷ್ಟು ಖಾಲಿ ಜಾಗ ಬೇಕು, 7 ಸೆಂ.ಮೀ. ಕೋಡಿಗೆ ಸುಮಾರು 1 ಸೆಂ.ಮೀ. ಕೋಡ್ ಎಲ್ಲಿ ಶುರುವಾಯಿತು ಎಂದು ಫೋನಿಗೆ ತಿಳಿಯುವುದು ಮೂಲೆಯ ಮೂರು ದೊಡ್ಡ ಚೌಕ ಮತ್ತು ಈ ಖಾಲಿ ಜಾಗದಿಂದ. "ಜಾಗ ವೇಸ್ಟ್" ಎಂದು ಡಿಸೈನ್ ಮಾಡುವವರು ಮೊದಲು ಕತ್ತರಿಸುವುದೇ ಇದನ್ನು. ಬಣ್ಣದಲ್ಲೂ ಹಟ ಹಿಡಿಯಿರಿ: ಬಿಳಿಯ ಮೇಲೆ ಕಪ್ಪು. ಯಕ್ಷಗಾನವೆಂದು ಕೆಂಪಿನ ಮೇಲೆ ಹಳದಿ ಕೋಡ್ ಹಾಕಿದರೆ ಹಿನ್ನೆಲೆ ಗಾಢ, ಕೋಡ್ ತಿಳಿಯಾಗಿ ಎಲ್ಲ ತಿರುವುಮುರುವು. ಎಷ್ಟೋ ಫೋನುಗಳು ಅದನ್ನು ಓದುವುದಿಲ್ಲ.

ಕೋಡಿನ ಕೆಳಗೆ ಎರಡು ಸಾಲು ಬರೆಯಿರಿ: "ಫೋನ್ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ. ದುಡ್ಡು ಕಟ್ಟುವುದಕ್ಕಲ್ಲ, ವಾಟ್ಸಾಪ್ ತೆರೆಯುತ್ತದೆ." ಕ್ಯೂಆರ್ ಎಂದರೆ ದುಡ್ಡು ಹೋಗುತ್ತದೆ ಎಂಬ ಹೆದರಿಕೆ ಹಿರಿಯರಲ್ಲಿದೆ, ಅದು ಸುಳ್ಳು ಹೆದರಿಕೆಯೂ ಅಲ್ಲ. ಕೊನೆಗೆ ಫೋನ್ ನಂಬರನ್ನೂ ಅಚ್ಚು ಹಾಕಿ. ಸ್ಕ್ಯಾನ್ ಬಾರದವರು ಆ ನಂಬರಿಗೇ ಸಂದೇಶ ಹಾಕಲಿ.

ಅಚ್ಚಿನ ಅಂಗಡಿಯಲ್ಲಿ

ಫೈಲನ್ನು ಪಿಡಿಎಫ್ ಮಾಡಿ ಕೊಡಿ. ಯೂನಿಕೋಡ್ ಕನ್ನಡವನ್ನು ಅಚ್ಚಿನ ಅಂಗಡಿಯ ಹಳೇ ಕೋರೆಲ್ ಡ್ರಾ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತಕ್ಷರ ಒಡೆಯುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ಕುಗ್ಗಿ ಮಸುಕಾಗುತ್ತದೆ. ಲೇಸರ್ ಪ್ರಿಂಟನ್ನೇ ಕೇಳಿ. ಮಾಮೂಲಿ ಇಂಕ್‌ಜೆಟ್ ಶಾಯಿ ನಮ್ಮ ಕಡೆಯ ತೇವಕ್ಕೆ ಹರಡುತ್ತದೆ. ಲ್ಯಾಮಿನೇಶನ್ ಮ್ಯಾಟ್ ಇರಲಿ. ಹೊಳೆಯುವ ಲ್ಯಾಮಿನೇಶನ್ ಮೇಲೆ ಸಂಜೆ ಟ್ಯೂಬ್‌ಲೈಟ್ ಬಿದ್ದರೆ ಕೋಡಿನ ನಡುವೆ ಬಿಳಿ ಪಟ್ಟಿ ಕಾಣುತ್ತದೆಯೇ ಹೊರತು ಕೋಡ್ ಕಾಣುವುದಿಲ್ಲ. ಹಾಳೆಯ ಆಚೆ ಪ್ಲಾಸ್ಟಿಕ್ ಅರ್ಧ ಸೆಂ.ಮೀ. ಉಳಿಯುವಂತೆ ಕತ್ತರಿಸಿ, ಅಂಚಿಗೇ ಕತ್ತರಿಸಿದರೆ ನೀರು ಒಳಗೆ ಇಳಿಯುತ್ತದೆ.

ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದೆ. ಬಟ್ಟೆ ಬ್ಯಾನರ್ ಮಾಡಿಸಿ, ಮೇಲೂ ಕೆಳಗೂ ಕೋಲು ತೂರಿಸಿ ಬಿಗಿಯಾಗಿ ಕಟ್ಟಿ, ಸುಕ್ಕು ಬಿದ್ದರೆ ಕೋಡ್ ಓದುವುದಿಲ್ಲ. ದೀಪ ಬ್ಯಾನರಿನ ಮುಂದಿರಲಿ, ಹಿಂದಿದ್ದರೆ ಬೆಳಕು ಬಟ್ಟೆ ತೂರಿ ಕಪ್ಪು ತೆಳುವಾಗುತ್ತದೆ.

ನೂರು ಪ್ರತಿಗೆ ಮೊದಲು ಒಂದೇ ಪ್ರತಿ ತೆಗೆಸಿ. ಮೂರು ಫೋನಿನಲ್ಲಿ ಪರೀಕ್ಷಿಸಿ, ಒಂದು ಹಳೆಯದೂ ಅಗ್ಗದ್ದೂ ಆಗಿರಲಿ.

ಅಂಟಿಸುವ ಜಾಗ

ಅಂಗಡಿಯ ಗಲ್ಲೆಯ ಹತ್ತಿರ, ದುಡ್ಡು ಕಟ್ಟುವ ಕೋಡಿನ ಪಕ್ಕ ಅಂಟಿಸಬೇಡಿ. ಜನ ಪಾವತಿ ಆ್ಯಪಿನಲ್ಲೇ ಸ್ಕ್ಯಾನ್ ಮಾಡಿ, ಬರುವುದಿಲ್ಲವೆಂದು ಬಿಟ್ಟುಹೋಗುತ್ತಾರೆ. ಚಾ ಕುಡಿಯುತ್ತ ಕೂರುವ ಬೆಂಚಿನ ಎದುರು ಒಳ್ಳೆಯದು. ಕೋಡ್ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿರಲಿ. ಅಲ್ಲಿ ಸಿಗ್ನಲ್ ಇದೆಯೇ ನೋಡಿ, ದೇವಿಮನೆ ಘಟ್ಟದ ಆಸುಪಾಸಿನ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ. ಕೋಡ್ ಓದಲು ಇಂಟರ್ನೆಟ್ ಬೇಡ, ಸಂದೇಶ ಹೋಗಲು ಬೇಕು. ಬಿಎಸ್‌ಎನ್‌ಎಲ್ ಮಾತ್ರ ಸಿಗುವ ಊರಾದರೆ ಬಿಎಸ್‌ಎನ್‌ಎಲ್ ಸಿಮ್ಮಿನಲ್ಲೇ ಪರೀಕ್ಷಿಸಿ. ಮರಕ್ಕೆ ಮೊಳೆ ಹೊಡೆಯಬೇಡಿ. ಸಾರ್ವಜನಿಕ ಗೋಡೆಗೆ ಅಂಟಿಸುವುದಕ್ಕೆ, ಬಯಲು ಜಾಗಗಳ ಅಂದ ಕೆಡಿಸುವುದನ್ನು ತಡೆಯುವ ರಾಜ್ಯದ 1981ರ ಕಾಯ್ದೆಯೇ ಅಡ್ಡಿಯಿದೆ. ಅನುಮತಿ ಕೇಳಿ, ಇಲ್ಲವೇ ಅಂಗಡಿ ಯಜಮಾನರನ್ನು ಒಪ್ಪಿಸಿ ಒಳಗೆ ಹಾಕಿ.

ಅದೇ ಪೋಸ್ಟರನ್ನು ಸ್ಟೇಟಸ್ಸಿಗೆ ಹಾಕುವಾಗ ಜೊತೆಗೆ ಲಿಂಕನ್ನೂ ಟೈಪ್ ಮಾಡಿ. ತನ್ನ ಪರದೆಯ ಮೇಲಿನ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಯಾರೂ ಸ್ಕ್ಯಾನ್ ಮಾಡಲಾರರು.

ಹದಿನೈದು ದಿನಕ್ಕೊಮ್ಮೆ ಸುತ್ತುಹಾಕಿ. ನಿಮ್ಮ ಕೋಡಿನ ಮೇಲೆ ಬೇರೆಯವರ ಕೋಡ್ ಅಂಟಿಲ್ಲವೇ ಎಂದು ಬೆರಳಾಡಿಸಿ ನೋಡಿ, ಹರಿದದ್ದನ್ನು ಬದಲಿಸಿ. ಮಳೆ ಹಿಡಿದು ಮೇಳಗಳ ತಿರುಗಾಟ ನಿಂತ ಮೇಲೆ ಹೊರಗಿನವನ್ನು ತೆಗೆದುಬಿಡಿ. ಅಂಗಡಿಯೊಳಗಿನವು ಇರಲಿ. ಗ್ರೀಟಿಂಗ್ ಮೆಸೇಜಿನಲ್ಲಿ ಗುಂಪಿನ ಲಿಂಕಿನ ಜೊತೆಗೆ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಆ ವಾರ ಎಲ್ಲಿ ಎಂದೂ ಬರೆಯಿರಿ.